ಬೇಸ್ ಗಿಟಾರ್‌ನಿಂದ ಸಿಂಥ್‌ಗೆ: ಗಡಿನಾಡಿನ ಬ್ಯಾಂಡ್ ಕಲಾವಿದರಿಗೊಂದು ಕೈಪಿಡಿ

ಕಾಸರಗೋಡು, ಮಂಜೇಶ್ವರ, ಉಪ್ಪಳ, ಬದಿಯಡ್ಕದ ಕಡೆ ರಾಕ್ ಬ್ಯಾಂಡ್ ಕಟ್ಟಿದವರು ಹೊಟ್ಟೆಪಾಡಿಗೆ ಗಾನಮೇಳ, ರಸಮಂಜರಿ, ಶಾಲಾ ವಾರ್ಷಿಕೋತ್ಸವಗಳಲ್ಲಿ ನುಡಿಸುವುದು ಇದ್ದದ್ದೇ. ಸಂಘಟಕರ ಕೈ ಬಿಗಿಯಾದಾಗ ಮೊದಲು ಬಿಟ್ಟುಹೋಗುವುದು ಬೇಸ್ ಗಿಟಾರು. ಕೀಬೋರ್ಡ್‌ನವರ ಎಡಗೈ ಇದೆಯಲ್ಲ, ಸಾಕು ಎನ್ನುತ್ತಾರೆ. ಹಾಗಾಗಿ ಬೇಸ್ ನುಡಿಸುವವರು ಸಿಂಥಸೈಸರ್ (ವಿದ್ಯುತ್ತಿನಿಂದ ಸದ್ದು ಕಟ್ಟುವ ಕೀಬೋರ್ಡ್, ಚುಟುಕಾಗಿ ಸಿಂಥ್) ಕಡೆ ನೋಡುವುದು ಸಹಜ. ಆದರೆ ಹೆಚ್ಚಿನವರು ಪಿಯಾನೋ ಪಾಠದಿಂದ ಶುರುಮಾಡುತ್ತಾರೆ, ಅಲ್ಲೇ ದಾರಿ ತಪ್ಪುತ್ತದೆ. ವರ್ಷಗಟ್ಟಲೆ ಸ್ಕೇಲು, ಕಾರ್ಡು ಎಂದು ಬೆರಳು ಸವೆಸಿದರೂ ಊರಲ್ಲಿ ಆಗಲೇ ಇರುವ ಕೀಬೋರ್ಡ್ ಕಲಾವಿದರ ಹಿಂದೆಯೇ ಉಳಿಯಬೇಕಾಗುತ್ತದೆ. ನಿಮ್ಮ ಬಂಡವಾಳವೇ ಬೇರೆ. ಕಾಲಿನಿಂದ ಬಾರಿಸುವ ಕಿಕ್ ಡ್ರಮ್ಮಿಗೆ ಅಂಟಿಕೊಂಡು ನಡೆಯುವ ಲಯ, ಹಾಡಿನ ತಳ ಎಲ್ಲಿದೆ ಎಂದು ಹಿಡಿಯುವ ಕಿವಿ ನಿಮಗಾಗಲೇ ಇದೆ. ಅದನ್ನು ಮೊದಲು ಎಡಗೈಗೆ ಇಳಿಸಿ. ಬಲಗೈ ನಿಧಾನಕ್ಕೆ ಬರಲಿ.

ಈ ದಾರಿಯಲ್ಲಿ ದೊಡ್ಡವರೇ ನಡೆದಿದ್ದಾರೆ. ಲೆಡ್ ಜೆಪ್ಪೆಲಿನ್‌ನ ಜಾನ್ ಪಾಲ್ ಜೋನ್ಸ್ ಬೇಸೂ ಕೀಬೋರ್ಡೂ ಎರಡನ್ನೂ ನೋಡಿಕೊಂಡವರು. ಕೀಬೋರ್ಡಿಗೆ ಕೂತಾಗ ಬೇಸನ್ನು ಕಾಲಿನ ಪೆಡಲ್‌ಗಳಿಂದ ನುಡಿಸುತ್ತಿದ್ದರು. ರಷ್ ಬ್ಯಾಂಡಿನ ಗೆಡ್ಡಿ ಲೀ, ಜೆನೆಸಿಸ್‌ನ ಮೈಕ್ ರುದರ್‌ಫೋರ್ಡ್ ಇಬ್ಬರೂ 1970ರ ದಶಕದಲ್ಲಿ ಮೂಗ್ ಟಾರಸ್ ಎಂಬ, ಕಾಲಿನಿಂದ ನುಡಿಸುವ 13 ಸ್ವರಗಳ ಸಿಂಥ್ ಬಳಸಿದರು. ಇವರಲ್ಲಿ ಯಾರೂ ಬೇಸ್ ಬಿಟ್ಟು ಸಿಂಥ್‌ಗೆ ಹಾರಲಿಲ್ಲ, ಬೇಸಿನ ಕೆಲಸವನ್ನೇ ಇನ್ನೊಂದು ವಾದ್ಯಕ್ಕೆ ಹರಡಿದರು. ಬೇಸನ್ನು ಕೆಳಗಿಟ್ಟು ಪೂರ್ತಿ ಸಿಂಥ್‌ಗೆ ಹೋದವರೂ ಇದ್ದಾರೆ, ಡೆಪೆಶ್ ಮೋಡ್‌ನ ಆಂಡಿ ಫ್ಲೆಚರ್ ಹಾಗೆ. ನಮ್ಮ ಕಡೆಯ ವೇದಿಕೆಗಳಿಗೆ ಮೊದಲನೆಯ ದಾರಿಯೇ ಹೊಂದುತ್ತದೆ. ಮೊದಲ ಹಂಗಾಮಿನಲ್ಲಿ ಬೇಸ್ ಗಿಟಾರನ್ನು ಮಾರಲೇಬೇಡಿ.

ಕಾಲವನ್ನೂ ನೋಡಿಕೊಳ್ಳಿ. ಪತ್ತನಾಜೆ (ತುಳುವರ ಬೇಶ ತಿಂಗಳ ಹತ್ತನೇ ದಿನ) ಕಳೆದರೆ ಜಾತ್ರೆ, ಕೋಲ, ಬಯಲಾಟ ಎಲ್ಲ ನಿಲ್ಲುತ್ತವೆ. ಮುಂದೆ ಮಳೆ, ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಮದುವೆಯೂ ಇಲ್ಲ. ಮೇ ಕೊನೆಯಿಂದ ದೀಪಾವಳಿಯವರೆಗಿನ ಅವಧಿ ಕೈ ಬದಲಿಸಲು ಹೇಳಿ ಮಾಡಿಸಿದ್ದು. ನಡುವೆ ಬರುವ ಓಣಂ ಕಾರ್ಯಕ್ರಮಗಳಲ್ಲಿ ಎರಡು ಹಾಡು ಮಾತ್ರ ಸಿಂಥ್‌ನಲ್ಲಿ ನುಡಿಸಿ ನೋಡಿ, ಉಳಿದವಕ್ಕೆ ಗಿಟಾರೇ ಇರಲಿ.

ವಾದ್ಯದ ಆಯ್ಕೆ

61 ಕೀಗಳ, ಹಗುರ ಕೀಗಳ ಸಿಂಥ್ ಸಾಕು. ಪಿಯಾನೋದಂತೆ ಭಾರವಾದ 88 ಕೀಗಳದ್ದು ಬೇಡ. ಬೇಸಿನ ಚುರುಕು ಸ್ವರಗಳಿಗೆ ಆ ಕೀ ತಡವಾಗಿ ಏಳುತ್ತದೆ, ಬಸ್ಸಿನಲ್ಲಿ ಮಂಗಳೂರಿಗೆ ಒಯ್ಯುವುದೂ ಕಷ್ಟ. ಕೊಳ್ಳುವ ಮುನ್ನ ನಾಲ್ಕು ಸಂಗತಿ ನೋಡಿ: ಒಮ್ಮೆಗೆ ಒಂದೇ ಸ್ವರ ನುಡಿಯುವ ಮೊನೋ ಮೋಡ್ ಇದೆಯೇ, ಕೀಬೋರ್ಡನ್ನು ಎರಡು ಭಾಗ ಮಾಡುವ ಸ್ಪ್ಲಿಟ್ ಇದೆಯೇ, ಧ್ವನಿಯ ಹೊಳಪು ಏರಿಸಿ ಇಳಿಸುವ ಫಿಲ್ಟರ್‌ನ ನಾಬ್ ಕೈಗೆ ಸಿಗುವಂತೆ ಮೇಲೆಯೇ ಇದೆಯೇ, ಸ್ವರವನ್ನು ಬಾಗಿಸುವ ಪಿಚ್ ಬೆಂಡ್ ಚಕ್ರ ಸಡಿಲವಾಗಿಲ್ಲವೇ. ಹಳೆಯದನ್ನು ಕೊಳ್ಳುವುದಾದರೆ ಪ್ರತಿ ಕೀಯನ್ನೂ ಮೆಲ್ಲಗೆ ಒಮ್ಮೆ, ಜೋರಾಗಿ ಒಮ್ಮೆ ಒತ್ತಿ. ಮೆಲ್ಲಗೆ ಒತ್ತಿದರೂ ಜೋರಾಗಿ ಕೂಗುವ ಕೀ ಇದ್ದರೆ ಒಳಗಿನ ರಬ್ಬರ್ ಕಾಂಟ್ಯಾಕ್ಟ್ ಕೊಳೆಯಾಗಿದೆ ಅಥವಾ ಸವೆದಿದೆ ಎಂದರ್ಥ. ಕಡಲ ಗಾಳಿಯ ಊರಿನಲ್ಲಿ ಇದು ತೀರಾ ಸಾಮಾನ್ಯ.

ಲ್ಯಾಪ್‌ಟಾಪ್‌ನ ಸಾಫ್ಟ್‌ವೇರ್ ಸಿಂಥ್ ಬಳಸುವವರು ಬಫರ್ (ಧ್ವನಿಯನ್ನು ಕೂಡಿಟ್ಟು ಒಮ್ಮೆಗೆ ಕಳಿಸುವ ತುಂಡಿನ ಅಳತೆ) ಗಮನಿಸಬೇಕು. 44.1 ಕಿಲೋಹರ್ಟ್ಸ್‌ನಲ್ಲಿ 128 ಸ್ಯಾಂಪಲ್ ಎಂದರೆ ಸುಮಾರು 3 ಮಿಲಿಸೆಕೆಂಡ್ ತಡ, 512 ಎಂದರೆ ಸುಮಾರು 12. ಆಡಿಯೊ ಇಂಟರ್‌ಫೇಸ್‌ನ ತಡವೂ ಅದಕ್ಕೆ ಸೇರುತ್ತದೆ. ಪ್ಯಾಡ್ (ಹಿನ್ನೆಲೆಯ ಉದ್ದ ನಾದ) ನುಡಿಸುವವರಿಗೆ 12 ಗೊತ್ತೇ ಆಗದು, ಕಿಕ್ ಜೊತೆ ಕೂರಬೇಕಾದ ಬೇಸಿಗೆ ಅದು ಎಳೆದಂತೆ ಕೇಳುತ್ತದೆ. 128ರ ಮೇಲೆ ಹೋಗಬೇಡಿ.

ಕೆಳಗಿನ ಈ (E) ಸ್ವರ ಎಲ್ಲಿದೆ?

ನಾಲ್ಕು ತಂತಿಯ ಬೇಸಿನಲ್ಲಿ ಬಿಡಿಯಾಗಿ ಮೀಟಿದ ಈ (E) ತಂತಿ 41 ಹರ್ಟ್ಸ್, ಮಿಡಿ ಸಂಖ್ಯೆ (ವಿದ್ಯುತ್ ವಾದ್ಯಗಳು ಪ್ರತಿ ಸ್ವರಕ್ಕೆ ಕೊಡುವ ಅಂಕಿ) 28. ಎ 33, ಡಿ 38, ಜಿ 43. ಆದರೆ 61 ಕೀಗಳ ಕೀಬೋರ್ಡ್ ಸಾಮಾನ್ಯವಾಗಿ 36ರಿಂದ ಶುರುವಾಗುತ್ತದೆ. ಅಂದರೆ ನಿಮ್ಮ ಈ (E), ಎ (A) ಎರಡೂ ಬಿಡಿ ತಂತಿಗಳ ಸ್ವರಗಳು ಅದರಲ್ಲಿ ಇಲ್ಲವೇ ಇಲ್ಲ. ಆಕ್ಟೇವ್ (ಸ್ಥಾಯಿ) ಬಟನ್‌ನಿಂದ ಒಂದು ಮೆಟ್ಟಿಲು ಇಳಿಸಿದಾಗ ಎಡತುದಿಯಿಂದ ಮೂರನೇ ಬಿಳಿ ಕೀ ಆ ಈ (E) ಸ್ವರ ಆಗುತ್ತದೆ. ಹೆಸರನ್ನು ನಂಬಬೇಡಿ: ಮಿಡಿ 60ನ್ನು ಯಮಾಹಾದವರು ಸಿ3 ಎನ್ನುತ್ತಾರೆ, ರೋಲ್ಯಾಂಡ್‌ನವರು ಸಿ4 ಎನ್ನುತ್ತಾರೆ. ಕೆಲವು ಬೇಸ್ ಟೋನ್‌ಗಳನ್ನು ಮೊದಲೇ ಒಂದು ಆಕ್ಟೇವ್ ಇಳಿಸಿಟ್ಟಿರುತ್ತಾರೆ. ಗಿಟಾರಿನ ಈ (E) ತಂತಿ ಮೀಟಿ, ಸಿಂಥ್‌ನ ಸ್ವರ ಅದಕ್ಕೆ ಸರಿಯಾಗುವವರೆಗೆ ಆಕ್ಟೇವ್ ಬದಲಿಸಿ ನೋಡುವುದೇ ಖಚಿತ ದಾರಿ.

ಸ್ಪ್ಲಿಟನ್ನು ಮಿಡಿ 60ಕ್ಕೆ ಇಡಿ. ಎಡಗಡೆ 24 ಕೀ ಬೇಸಿಗೆ, ಬಲಗಡೆ 37 ಕೀ ಪ್ಯಾಡಿಗೋ ಆರ್ಗನ್‌ಗೋ ಸಿಗುತ್ತದೆ. ಎಡಭಾಗವನ್ನು ಒಂದು ಆಕ್ಟೇವ್ ಇಳಿಸಿದರೆ ಈ (E) ತಂತಿಯ ಬಿಡಿ ಸ್ವರದಿಂದ ಜಿ ತಂತಿಯ ನಾಲ್ಕನೇ ಫ್ರೆಟ್‌ವರೆಗೆ ಎಲ್ಲ ಕೈಗೆ ಬರುತ್ತದೆ. ರಾಕ್ ಹಾಡಿನ ಬೇಸ್ ಬಹುಪಾಲು ಅಷ್ಟರಲ್ಲೇ ಮುಗಿಯುತ್ತದೆ.

ಒಂದು ಟೋನ್ ಕಟ್ಟುವುದು

ಸಿಂಥ್ ಜೊತೆ ಬಂದ ಬೇಸ್ ಟೋನ್‌ಗಳು ಹೆಡ್‌ಫೋನಿನಲ್ಲಿ ಚೆಂದ, ಮೈದಾನದಲ್ಲಿ ಮಾಯ. ಶೂನ್ಯದಿಂದ ಒಂದನ್ನು ನೀವೇ ಕಟ್ಟಿಕೊಳ್ಳಿ. ಒಂದೇ ಆಸಿಲೇಟರ್ (ಸದ್ದು ಹುಟ್ಟಿಸುವ ಭಾಗ), ಗರಗಸ ತರಂಗ; ಪ್ಯಾನೆಲ್ ಮೇಲೆ ಸಾಟೂತ್ ಎಂದಿರುತ್ತದೆ. ಲೋಪಾಸ್ ಫಿಲ್ಟರ್ (ತಳದ ಸದ್ದನ್ನು ಹಾಯಲು ಬಿಟ್ಟು ಮೇಲಿನದನ್ನು ತಡೆಯುವುದು), ಆಕ್ಟೇವ್‌ಗೆ 24 ಡೆಸಿಬೆಲ್ ತಗ್ಗಿಸುವಂಥದ್ದು. ಕಟ್‌ಆಫ್ (ತಡೆ ಶುರುವಾಗುವ ಜಾಗ) 200 ಹರ್ಟ್ಸ್ ಸುಮಾರಿಗೆ. ರೆಸೊನೆನ್ಸ್ (ಆ ಜಾಗದ ಸದ್ದನ್ನು ಉಬ್ಬಿಸುವುದು) ಶೇ. 10ರ ಒಳಗೆ, ಏಕೆಂದರೆ ಮೂಗ್ ಮಾದರಿಯ ಫಿಲ್ಟರ್‌ಗಳಲ್ಲಿ ರೆಸೊನೆನ್ಸ್ ಏರಿಸಿದಷ್ಟೂ ತಳ ಸೊರಗುತ್ತದೆ. ಫಿಲ್ಟರ್ ಎನ್ವಲಪ್‌ನಲ್ಲಿ (ಕೀ ಒತ್ತಿದ ಮೇಲೆ ಫಿಲ್ಟರ್ ಏರಿಳಿಯುವ ಕ್ರಮ) ಅಟ್ಯಾಕ್ (ಏರುವ ಹೊತ್ತು) 0, ಡಿಕೇ (ಇಳಿಯುವ ಹೊತ್ತು) 300 ಮಿಲಿಸೆಕೆಂಡ್, ಸಸ್ಟೇನ್ (ಆಮೇಲೆ ನಿಲ್ಲುವ ಮಟ್ಟ) ಶೇ. 20. ಅದರ ಪ್ರಮಾಣವನ್ನು ಸ್ವರದ ಮೊದಲ ಹೊಡೆತ 1 ಕಿಲೋಹರ್ಟ್ಸ್‌ವರೆಗೆ ತೆರೆದುಕೊಳ್ಳುವಷ್ಟು ಏರಿಸಿ. ತಂತಿಗೆ ಬೆರಳು ತಾಗುವ ಆ ಗಡಸು ಅಲ್ಲಿಂದ ಬರುತ್ತದೆ. ಧ್ವನಿಯ ಎನ್ವಲಪ್‌ಗೆ ಅಟ್ಯಾಕ್ 2ರಿಂದ 3 ಮಿಲಿಸೆಕೆಂಡ್ (ಸೊನ್ನೆ ಇಟ್ಟರೆ ಟಕ್ ಎಂಬ ಸದ್ದು ಸೇರಿಕೊಳ್ಳುತ್ತದೆ), ಸಸ್ಟೇನ್ ಶೇ. 60, ರಿಲೀಸ್ (ಕೀ ಬಿಟ್ಟ ಮೇಲೆ ಆರುವ ಹೊತ್ತು) 60ರಿಂದ 80 ಮಿಲಿಸೆಕೆಂಡ್. ಕೀ ಟ್ರ್ಯಾಕಿಂಗ್ (ಸ್ವರ ಏರಿದಂತೆ ಫಿಲ್ಟರ್ ಹೆಚ್ಚು ತೆರೆಯುವುದು) ಅರ್ಧಕ್ಕಿಡಿ, ಇಲ್ಲವಾದರೆ ಮೇಲಿನ ಸ್ವರಗಳು ಮಂಕಾಗುತ್ತವೆ.

ಸಬ್ ಆಸಿಲೇಟರ್ ಎಲ್ಲರನ್ನೂ ಸೆಳೆಯುತ್ತದೆ. ಕೆಳಗಿನ ಈ (E) ಸ್ವರಕ್ಕೆ ಅದು ಒಂದು ಆಕ್ಟೇವ್ ಕೆಳಗೆ, ಅಂದರೆ 20 ಹರ್ಟ್ಸ್ ಹತ್ತಿರ ಇಳಿಯುತ್ತದೆ. 12 ಇಂಚಿನ ಸ್ಪೀಕರ್ ಬಾಕ್ಸ್‌ಗಳು 50 ಹರ್ಟ್ಸ್ ಕೆಳಗೆ ಹೆಚ್ಚೇನೂ ಕೊಡುವುದಿಲ್ಲ. ಕೋನ್ ಸುಮ್ಮನೆ ಅಲ್ಲಾಡುತ್ತದೆ, ಆಂಪ್ಲಿಫೈಯರ್‌ನ ಶಕ್ತಿ ಹಾಳಾಗುತ್ತದೆ. ಸಬ್ ಬೇಕೆಂದಾದರೆ ಮುಖ್ಯ ಆಸಿಲೇಟರನ್ನು ಒಂದು ಆಕ್ಟೇವ್ ಮೇಲಕ್ಕೆತ್ತಿ. ಗರಗಸ ತರಂಗವನ್ನೇ ಹೇಳಿದ್ದಕ್ಕೂ ಕಾರಣ ಇದೇ: 41 ಹರ್ಟ್ಸ್ ಸ್ಪೀಕರಿನಿಂದ ಬಾರದಿದ್ದರೂ ಅದರ 82, 123, 164 ಬರುತ್ತವೆ, ಕಿವಿ ಅವುಗಳಿಂದಲೇ ಮೂಲ ಸ್ವರವನ್ನು ಗ್ರಹಿಸಿಕೊಳ್ಳುತ್ತದೆ. ಬರಿಯ ಸೈನ್ ತರಂಗಕ್ಕೆ ಆ ಆಸರೆಯಿಲ್ಲ.

ಸದ್ದನ್ನು ಹಿಗ್ಗಿಸಿ ಹರಡುವ ಕೋರಸ್, ಯೂನಿಸನ್, ಅಗಲವಾದ ರಿವರ್ಬ್ ಬೇಸಿಗೆ ಬೇಡ. ನಮ್ಮ ಮೈದಾನಗಳಲ್ಲಿ ಸೌಂಡ್ ಬಹುತೇಕ ಮೊನೋ. ಎಡ ಬಲ ಒಂದಾದಾಗ ಸ್ಟೀರಿಯೊ ಕೋರಸ್‌ನ ಅಲೆಗಳು ಒಂದನ್ನೊಂದು ನುಂಗಿ, ಬೇಸ್ ಬಂದೂ ಹೋಗಿಯೂ ಮಾಡುತ್ತದೆ.

ಸ್ವರವನ್ನು ನಿಲ್ಲಿಸುವ ವಿದ್ಯೆ

ಇಡೀ ಬದಲಾವಣೆಯಲ್ಲಿ ಕಠಿಣವಾದದ್ದು ಇದು. ತಂತಿಯ ಸ್ವರ ಮೀಟಿದ ಕ್ಷಣದಿಂದ ತಾನಾಗಿ ಇಳಿಯುತ್ತದೆ, ನೀವು ಸ್ವಲ್ಪ ಹೆಚ್ಚು ಹಿಡಿದರೂ ಕ್ಷಮಿಸುತ್ತದೆ. ಸಿಂಥ್‌ನ ಸ್ವರ ಕೀ ಬಿಡುವವರೆಗೆ ಅದೇ ಬಲದಲ್ಲಿ ನಿಂತಿರುತ್ತದೆ. ಹೊಸಬರ ಸಿಂಥ್ ಬೇಸ್ ಕೇಳಿದರೆ ಶುರು ಸರಿಯಾಗಿರುತ್ತದೆ, ಕೊನೆ ಮುಂದಿನ ಕಿಕ್ ಮೇಲೆ ಚೆಲ್ಲಿರುತ್ತದೆ. ಇಡೀ ಬ್ಯಾಂಡ್ ಕೆಸರಾದಂತೆ ಕೇಳುತ್ತದೆ, ಕಾರಣ ಯಾರಿಗೂ ತಿಳಿಯುವುದಿಲ್ಲ.

ಅಭ್ಯಾಸ ಹೀಗೆ ಮಾಡಿ. ಮೆಟ್ರೊನೋಮ್ ನಿಮಿಷಕ್ಕೆ 70 ಪೆಟ್ಟಿಗಿಡಿ. ಒಂದೇ ಸ್ವರ, ಪ್ರತಿ ಪೆಟ್ಟಿಗೆ ಒಂದು. ಮೊದಲು ಪೆಟ್ಟಿನ ಅರ್ಧಕ್ಕೆ ಸರಿಯಾಗಿ ಬಿಡಿ, ಆಮೇಲೆ ಕಾಲು ಭಾಗಕ್ಕೆ, ಆಮೇಲೆ ಮುಕ್ಕಾಲಿಗೆ. ರೆಕಾರ್ಡ್ ಮಾಡಿ ಕಂಪ್ಯೂಟರಿನಲ್ಲಿ ತರಂಗದ ಚಿತ್ರ ನೋಡಿ: ಸ್ವರ ಮುಗಿದ ಗೆರೆಗಳು ಒಂದೇ ಜಾಗದಲ್ಲಿ ಬೀಳಬೇಕು. ಅದು ಸರಿಹೋದ ಮೇಲೆ ಸ್ನೇರ್ ಡ್ರಮ್ ಬಾರಿಸುವ ಕ್ಷಣದಲ್ಲಿ ಬೇಸ್ ಮೌನವಾಗುವಂತೆ ಎರಡು, ನಾಲ್ಕನೇ ಪೆಟ್ಟಿನ ಮುಂಚೆ ಬಿಡುವ ಅಭ್ಯಾಸ. ಸಸ್ಟೇನ್ ಪೆಡಲನ್ನು ಬೇಸ್ ಭಾಗಕ್ಕೆ ತಾಗದಂತೆ ಸ್ಪ್ಲಿಟ್‌ನಲ್ಲೇ ಆಫ್ ಮಾಡಿಡಿ. ಬಲಗೈಗೆಂದು ಒತ್ತಿದ ಪೆಡಲ್ ಬೇಸನ್ನೂ ಎಳೆದುಬಿಡುತ್ತದೆ.

ಮೊನೋ ಮೋಡ್‌ನಲ್ಲಿ ಲೆಗಾಟೋ ಇಟ್ಟರೆ, ಮೊದಲ ಕೀ ಹಿಡಿದೇ ಎರಡನೆಯದನ್ನು ಒತ್ತಿದಾಗ ಎನ್ವಲಪ್ ಮತ್ತೆ ಶುರುವಾಗುವುದಿಲ್ಲ. ಅದು ನಿಮ್ಮ ಹ್ಯಾಮರ್ ಆನ್ (ಮತ್ತೆ ಮೀಟದೆ ಬೆರಳು ಬಡಿದು ಹುಟ್ಟಿಸುವ ಸ್ವರ). ಬಿಟ್ಟು ಒತ್ತಿದರೆ ಹೊಸದಾಗಿ ಮೀಟಿದಂತೆ. ಗ್ಲೈಡನ್ನು 40ರಿಂದ 80 ಮಿಲಿಸೆಕೆಂಡ್‌ಗೆ ಇಟ್ಟು, ಲೆಗಾಟೋದಲ್ಲಿ ಮಾತ್ರ ಬರುವಂತೆ ಮಾಡಿದರೆ ತಂತಿಯ ಜಾರು ಸಿಗುತ್ತದೆ. ನೋಟ್ ಪ್ರಯಾರಿಟಿ (ಎರಡು ಕೀ ಒತ್ತಿದಾಗ ಯಾವುದು ಕೇಳಬೇಕೆಂಬುದು) 'ಕೊನೆಯ ಸ್ವರ'ಕ್ಕೆ ಇರಲಿ. 1970ರ ಮಿನಿಮೂಗ್ ಕೆಳಗಿನ ಸ್ವರಕ್ಕೆ ಮಣೆ ಹಾಕುತ್ತಿತ್ತು. ಅಂಥದ್ದರಲ್ಲಿ ಕಿರುಬೆರಳು ಮೂಲಸ್ವರದ ಮೇಲೆ ಉಳಿದುಬಿಟ್ಟರೆ ಮೇಲೆ ಏನು ಒತ್ತಿದರೂ ಕೇಳದು.

ಶ್ರುತಿ

ಬೇಸಿನಲ್ಲಿ ಶ್ರುತಿ ಬದಲಾದರೆ ಅದೇ ಆಕಾರವನ್ನು ಎರಡು ಫ್ರೆಟ್ ಸರಿಸಿದರಾಯಿತು. ಕೀಬೋರ್ಡಿನಲ್ಲಿ ಪ್ರತಿ ಶ್ರುತಿಗೂ ಕೈಯ ಆಕಾರವೇ ಬೇರೆ. ಅದೃಷ್ಟಕ್ಕೆ ನಮ್ಮ ಕಡೆಯ ಹಾಡುಗಾರರು ಹಾರ್ಮೋನಿಯಂ ಲೆಕ್ಕದಲ್ಲೇ ಹೇಳುತ್ತಾರೆ: ಬಿಳಿ ಒಂದು ಎಂದರೆ ಸಿ, ಕಪ್ಪು ಒಂದು ಸಿ ಶಾರ್ಪ್, ಕಪ್ಪು ಎರಡು ಡಿ ಶಾರ್ಪ್, ಕಪ್ಪು ಮೂರು ಎಫ್ ಶಾರ್ಪ್, ಕಪ್ಪು ನಾಲ್ಕು ಜಿ ಶಾರ್ಪ್. ಮೂಲ, ಪಂಚಮ, ಮೇಲಿನ ಮೂಲ, ಈ ಮೂರನ್ನು ಹನ್ನೆರಡೂ ಶ್ರುತಿಯಲ್ಲಿ ಕಿರುಬೆರಳು, ತೋರುಬೆರಳು, ಹೆಬ್ಬೆರಳಿನಿಂದ ಕಣ್ಣುಮುಚ್ಚಿ ನುಡಿಸುವಂತಾಗಬೇಕು. ಕಪ್ಪು ಕೀಗಳಿಂದಲೇ ಶುರುಮಾಡಿ. ಅವು ಬೆರಳಿಗೆ ತಡಕಾಡಲು ಸಿಗುತ್ತವೆ. ಟ್ರಾನ್ಸ್‌ಪೋಸ್ ಬಟನ್ ತುರ್ತಿಗೆ ಮಾತ್ರ. ಒಂದು ಹಾಡಿಗೆ ಒತ್ತಿ ಮರೆತರೆ ಮುಂದಿನ ಹಾಡಿನ ಮೊದಲ ಸ್ವರದಲ್ಲೇ ಇಡೀ ಸಭೆಗೆ ಗೊತ್ತಾಗುತ್ತದೆ.

ವೇದಿಕೆಯ ಮೇಲೆ

ಸಿಂಥ್‌ನಿಂದ ಬರುವುದು ಲೈನ್ ಮಟ್ಟದ ಸಿಗ್ನಲ್, ಗಿಟಾರಿಗಿಂತ ಬಲವಾದದ್ದು. ಬೇಸ್ ಆಂಪ್‌ಗೆ ಚುಚ್ಚುವುದಾದರೆ ಆಕ್ಟಿವ್ ಎಂದು ಬರೆದ ಇನ್‌ಪುಟ್ ಬಳಸಿ, ಗೇನ್ ಸೊನ್ನೆಯಿಂದ ಏರಿಸಿ. ಸೌಂಡ್‌ನವರ ಮಿಕ್ಸರ್‌ಗೆ ಹೋಗುವ ಕೇಬಲ್ ಐದಾರು ಮೀಟರ್ ದಾಟಿದರೆ ಡಿಐ ಬಾಕ್ಸ್ (ಉದ್ದ ಕೇಬಲ್‌ನಲ್ಲಿ ಸಿಗ್ನಲ್ ಕೆಡದಂತೆ ಕಳಿಸುವ ಪೆಟ್ಟಿಗೆ) ಬೇಕೇ ಬೇಕು. ಎಡ ಅಥವಾ ಮೊನೋ ಎಂದಿರುವ ಜ್ಯಾಕ್ ಒಂದನ್ನೇ ಹಾಕಿ. ಗುಂಯ್ ಎಂಬ 50 ಹರ್ಟ್ಸ್ ಸದ್ದು ಬಂದರೆ ಡಿಐ ಬಾಕ್ಸಿನ ಗ್ರೌಂಡ್ ಲಿಫ್ಟ್ ಒತ್ತಿ. ಪ್ಲಗ್ಗಿನ ಅರ್ತ್ ಪಿನ್ ಕಿತ್ತುಹಾಕುವ ಚಾಳಿ ಪ್ರಾಣಕ್ಕೆ ಅಪಾಯ, ಒದ್ದೆ ನೆಲದಲ್ಲಂತೂ ಹೇಳುವುದೇ ಬೇಡ. ಬೇಸ್ ಚಾನೆಲ್‌ನಲ್ಲಿ 35ರಿಂದ 40 ಹರ್ಟ್ಸ್ ಕೆಳಗೆ ಕತ್ತರಿಸಲು ಸೌಂಡ್‌ನವರಲ್ಲಿ ಕೇಳಿಕೊಳ್ಳಿ.

ಅಡಾಪ್ಟರ್ ಬಗ್ಗೆ ಎಚ್ಚರ ಇರಲಿ. ಗಿಟಾರ್ ಪೆಡಲ್‌ಗಳ 9 ವೋಲ್ಟ್ ಅಡಾಪ್ಟರಿನಲ್ಲಿ ಸಾಮಾನ್ಯವಾಗಿ ನಡುವಿನ ತುದಿ ಮೈನಸ್. ಎಷ್ಟೋ ಸಿಂಥ್‌ಗಳಿಗೆ ನಡುವೆ ಪ್ಲಸ್ ಬೇಕು. ಪಿನ್ ಹೊಂದಿತೆಂದು ಚುಚ್ಚಿದರೆ ಬೋರ್ಡ್ ಸುಡಬಹುದು. ಅಡಾಪ್ಟರಿಗೆ ಬಣ್ಣದ ಟೇಪ್ ಸುತ್ತಿ ಗುರುತು ಮಾಡಿ. ಕರೆಂಟಿನಿಂದ ಜನರೇಟರ್‌ಗೆ ಬದಲಾಯಿಸುವ ಮುನ್ನ ಸಿಂಥ್ ಆಫ್ ಮಾಡಿ, ಸಾಧ್ಯವಿದ್ದರೆ ಚಿಕ್ಕ ಯುಪಿಎಸ್ ಇಟ್ಟುಕೊಳ್ಳಿ. ಅನಲಾಗ್ ಸಿಂಥ್ ಆದರೆ ಆನ್ ಮಾಡಿ ಕಾಲು ಗಂಟೆ ಬಿಟ್ಟೇ ಶ್ರುತಿ ಮಾಡಿ, ಬಿಸಿಯೇರುವಾಗ ಶ್ರುತಿ ಸರಿಯುತ್ತದೆ.

ಮಳೆಗಾಲದಲ್ಲಿ ಸಿಂಥನ್ನು ಚೀಲದಲ್ಲಿ ಮುಚ್ಚಿಟ್ಟು ಮರೆಯಬೇಡಿ. ಸಿಲಿಕಾ ಜೆಲ್ ಪೊಟ್ಟಣ ಹಾಕಿ, ವಾರಕ್ಕೆ ಎರಡು ಸಲವಾದರೂ ಅರ್ಧ ಗಂಟೆ ಆನ್ ಮಾಡಿ. ಒಳಗಿನ ಶಾಖಕ್ಕೆ ತೇವ ಹೋಗುತ್ತದೆ. ಕಾಂಟ್ಯಾಕ್ಟ್ ಕೆಟ್ಟರೆ ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಅದ್ದಿದ ಬಟ್ಟೆಯಿಂದ ಬೋರ್ಡಿನ ಕಪ್ಪು ಗುರುತುಗಳನ್ನು ಮೆಲ್ಲಗೆ ಒರೆಸಬೇಕು. ಉಜ್ಜಿದರೆ ಕಾರ್ಬನ್ ಪದರವೇ ಎದ್ದುಬರುತ್ತದೆ. ಬಿಚ್ಚುವಾಗ ಹಂತಹಂತಕ್ಕೆ ಮೊಬೈಲಿನಲ್ಲಿ ಫೋಟೊ ತೆಗೆಯಿರಿ.

ಕೆಲಸ ಹಿಡಿಯುವುದು

ಬ್ಯಾಂಡಿನವರ ಮುಂದೆ 'ನಾನಿನ್ನು ಕೀಬೋರ್ಡ್ ಆರ್ಟಿಸ್ಟ್' ಎಂದರೆ ಇರುವ ಕೀಬೋರ್ಡ್‌ನವರ ಜಾಗಕ್ಕೆ ಕೈಹಾಕಿದಂತಾಗುತ್ತದೆ. ಬೇಸೂ ಸಿಂಥ್ ಬೇಸೂ ಪ್ಯಾಡೂ ಒಬ್ಬರೇ ನೋಡಿಕೊಳ್ಳುತ್ತೇನೆ ಎನ್ನಿ. ಸಂಘಟಕರಿಗೆ ಒಬ್ಬರ ಸಂಭಾವನೆಯಲ್ಲಿ ಎರಡು ಕೆಲಸ ಆಗುತ್ತದೆ ಎಂಬುದು ಬೇಗ ಅರ್ಥವಾಗುತ್ತದೆ. ಆದರೆ ಒಂದೂವರೆ ಪಾಲು ಕೇಳಲು ಹಿಂಜರಿಯಬೇಡಿ, ಹೊತ್ತು ತರುವ ವಾದ್ಯ ಎರಡಾಗಿರುತ್ತದೆ. ಇಲ್ಲಿ ಒಂದೇ ರಾತ್ರಿ ಕನ್ನಡ, ಮಲಯಾಳ, ತುಳು, ಹಿಂದಿ ಹಾಡು ಬರುತ್ತವೆ. ಹಾಡಿನ ಕ್ರಮದಲ್ಲೇ ಟೋನ್‌ಗಳನ್ನು ಜೋಡಿಸಿಟ್ಟು, ಒಂದು ಪ್ರತಿಯನ್ನು ಪೆನ್‌ಡ್ರೈವ್‌ನಲ್ಲಿ ಇಟ್ಟುಕೊಂಡರೆ ಬದಲಿ ಸಿಂಥ್ ಅದೇ ಮಾದರಿಯದ್ದಾದಾಗ ಕೆಲಸಕ್ಕೆ ಬರುತ್ತದೆ.

ಕಾರ್ಯಕ್ರಮಕ್ಕೆ ಮೊದಲು ಕೀಬೋರ್ಡ್ ಕಲಾವಿದರೊಂದಿಗೆ ಒಂದು ಒಪ್ಪಂದ ಮಾಡಿಕೊಳ್ಳಲೇಬೇಕು: ನೀವು ಸಿಂಥ್ ಬೇಸ್ ನುಡಿಸುವ ಹಾಡುಗಳಲ್ಲಿ ಅವರ ಎಡಗೈ ನಡುವಿನ ಸಿ (ಮಿಡಿ 60) ಕೆಳಗೆ ಇಳಿಯಬಾರದು. ಎರಡು ಬೇಸ್ ಒಂದರ ಮೇಲೊಂದು ಬಿದ್ದರೆ ಯಾವ ಮಿಕ್ಸರಿನಿಂದಲೂ ಬಿಡಿಸಲಾಗದು. ಹಾಡಿನ ಪಟ್ಟಿಯಲ್ಲಿ ಆ ಹಾಡುಗಳ ಪಕ್ಕ ಗುರುತು ಹಾಕಿ, ಇಬ್ಬರ ಪಟ್ಟಿಯಲ್ಲೂ ಅದು ಇರಲಿ.