ಶುಗರ್ ಕಾಲಿನ ಗಾಯಕ್ಕೆ ಕೋಲ್ಡ್ ಪ್ಲಾಸ್ಮಾ: ನನ್ನ ಅನುಭವ

ಹುಬ್ಬಳ್ಳಿಯಲ್ಲಿ ಸಣ್ಣ ಸರ್ಜಿಕಲ್ ಕ್ಲಿನಿಕ್ ನಡೆಸುತ್ತೇನೆ. ನನ್ನ ಹತ್ತಿರ ಬರುವವರಲ್ಲಿ ಶುಗರ್ ಇದ್ದು ಕಾಲಿಗೆ ಗಾಯ ಆದವರೇ ಜಾಸ್ತಿ. ಕುಂದಗೋಳ, ನವಲಗುಂದ, ಅಣ್ಣಿಗೇರಿ ಕಡೆಯ ಹೊಲ-ಮನಿ ಜನ. ಜಾಲಿ ಮುಳ್ಳು ಒಳಗೇ ಮುರಿದು ಕೂತಿರುತ್ತದೆ, ಅವರಿಗೆ ಗೊತ್ತೇ ಆಗಿರುವುದಿಲ್ಲ, ಯಾಕಂದ್ರೆ ಪಾದಕ್ಕೆ ಸ್ಪರ್ಶವೇ ಹೋಗಿರುತ್ತದೆ. ಮೊದಲು ಅರಿಸಿಣ, ಆಮೇಲೆ ಔಷಧಿ ಅಂಗಡಿಯ ಮುಲಾಮು, ವಾಸನೆ ಶುರುವಾದ ಮೇಲೆ ನಾವು.

ಇತ್ತೀಚೆಗೆ ಕೆಲವರು ಮೊಬೈಲಿನಲ್ಲಿ ವಿಡಿಯೋ ನೋಡಿಕೊಂಡು ಬರುತ್ತಾರೆ. "ಡಾಕ್ಟರ್ರ, ಆ ನೀಲಿ ಬೆಳಕಿನ ಮಷಿನ್ ಹಿಡದಬಿಡ್ರಿ, ಕೊಯ್ಯೂದು ಬ್ಯಾಡ್ರಿ." ಅವರು ಹೇಳುವುದು ಕೋಲ್ಡ್ ಪ್ಲಾಸ್ಮಾ ಮಷಿನ್. ಅದು ನನ್ನ ಹತ್ತಿರ ಇದೆ, ಬಳಸುತ್ತೇನೆ. ಆದರೆ ಕೊಯ್ಯುವುದನ್ನು ಬಿಟ್ಟು ಬರೀ ಅದನ್ನೇ ಹಿಡಿದರೆ ಏನೂ ಉಪಯೋಗ ಆಗುವುದಿಲ್ಲ.

ನನ್ನದು ಆರ್ಗಾನ್ ಅನಿಲದ ಜೆಟ್. ಪೆನ್ನಿನಂಥ ಹಿಡಿಕೆಯೊಳಗೆ ಅನಿಲ ಹರಿಯುತ್ತದೆ, ಹೈ ಫ್ರೀಕ್ವೆನ್ಸಿ ಕರೆಂಟು ಅದರ ಎಲೆಕ್ಟ್ರಾನುಗಳನ್ನು ಬಡಿದೆಬ್ಬಿಸುತ್ತದೆ, ಆದರೆ ಅನಿಲ ಹೆಚ್ಚು ಕಾಯುವುದಿಲ್ಲ. ಹೀಗೆ ಕರೆಂಟಿನಿಂದ ಚುರುಕಾದ ಅನಿಲಕ್ಕೇ ಕೋಲ್ಡ್ ಪ್ಲಾಸ್ಮಾ ಅನ್ನುವುದು, ರಕ್ತದ ಪ್ಲಾಸ್ಮಾ ಬೇರೆ. ತುದಿಯಲ್ಲಿ ನೇರಳೆ ಬಣ್ಣದ ಸಣ್ಣ ನಾಲಿಗೆ ಕಾಣುತ್ತದೆ, ಚರ್ಮಕ್ಕೆ ತಾಗುವಲ್ಲಿ ಬಿಸಿ 40 ಡಿಗ್ರಿ ಸೆಲ್ಸಿಯಸ್ ಒಳಗೇ ಇರಬೇಕು. ಸುತ್ತಲಿನ ಗಾಳಿಗೆ ತಾಗಿ ಅಲ್ಲಿ ಓಝೋನ್, ನೈಟ್ರಿಕ್ ಆಕ್ಸೈಡ್, ಹೈಡ್ರೋಜನ್ ಪೆರಾಕ್ಸೈಡ್ ಥರದ ಚುರುಕು ವಸ್ತುಗಳು ಹುಟ್ಟುತ್ತವೆ, ಜೊತೆಗೆ ಚೂರು ಅಲ್ಟ್ರಾವಯೊಲೆಟ್. ಇವು ಬ್ಯಾಕ್ಟೀರಿಯಾದ ಹೊರಪದರ ಒಡೆಯುತ್ತವೆ, ಸ್ವಲ್ಪ ಪ್ರಮಾಣದಲ್ಲಿದ್ದರೆ ನಮ್ಮ ಜೀವಕೋಶಗಳನ್ನು ಬೆಳೆಯಲು ಎಬ್ಬಿಸುತ್ತವೆ. ಜಾಸ್ತಿಯಾದರೆ ಅದೇ ಕೋಶಗಳನ್ನು ಕೊಲ್ಲುತ್ತವೆ ಕೂಡ. ಹಾಗಾಗಿ "ಇನ್ನೊಂದೀಟ ಹೊತ್ತು ಹಿಡೀರಿ" ಅಂದರೆ ನಾನು ಹಿಡಿಯುವುದಿಲ್ಲ.

ಮೊದಲು ಕಾಲಿಗೆ ರಕ್ತ ಬರುತ್ತಿದೆಯಾ ನೋಡುತ್ತೇನೆ. ನಾಡಿ ಮುಟ್ಟಿ ನೋಡಿ, ಆಮೇಲೆ ಕೈ ಡಾಪ್ಲರ್, ಅಂದ್ರೆ ರಕ್ತ ಹರಿಯುವ ಸದ್ದು ಕೇಳಿಸುವ ಸಣ್ಣ ಯಂತ್ರ. ತೋಳು ಮತ್ತು ಹಿಮ್ಮಡಿ ಹತ್ತಿರದ ಬಿಪಿ ಹೋಲಿಸುವ ಲೆಕ್ಕವನ್ನು ಶುಗರ್ ಇರುವವರಲ್ಲಿ ಪೂರ್ತಿ ನಂಬಬಾರದು, ರಕ್ತನಾಳದ ಗೋಡೆಗೆ ಸುಣ್ಣ ಕಟ್ಟಿ ಗಟ್ಟಿಯಾಗಿದ್ದರೆ ಸುಮ್ನೆ ಚೆನ್ನಾಗಿರುವ ನಂಬರ್ ತೋರಿಸುತ್ತದೆ. ಅದಕ್ಕೇ ಡಾಪ್ಲರಿನ ಸದ್ದು ಕೇಳುತ್ತೇನೆ. ರಕ್ತ ಇಲ್ಲದ ಕಾಲನ್ನು ರಕ್ತನಾಳದ ಸರ್ಜನ್ ಹತ್ತಿರ ಕಳಿಸುತ್ತೇನೆ, ಪ್ಲಾಸ್ಮಾ ಮಾತೇ ಎತ್ತುವುದಿಲ್ಲ. ಆಮೇಲೆ ಗಾಯದೊಳಗೆ ಪ್ರೋಬ್, ಅಂದ್ರೆ ಮೊಂಡು ತುದಿಯ ಸಣ್ಣ ಕಡ್ಡಿ, ಇಳಿಸಿ ನೋಡುವುದು. ಎಲುಬು ತಾಗಿದರೆ ಎಲುಬಿಗೇ ಸೋಂಕು ಇಳಿದಿರುವ ಅನುಮಾನ, ಎಕ್ಸ್-ರೇ ಬೇಕು. ಪ್ಲಾಸ್ಮಾ ಮೇಲಿನ ಪದರದಲ್ಲಿ ಕೆಲಸ ಮಾಡುವಂಥದ್ದು, ಎಲುಬಿನೊಳಗಿನ ಕೀವಿಗೆ ಅದರಿಂದ ಏನಾಗಬೇಕು?

ಇಷ್ಟಾದ ಮೇಲೆ ಸತ್ತ ಮಾಂಸ, ಅಂಚಿನ ದಪ್ಪ ಗಟ್ಟಿ ಚರ್ಮ ಎಲ್ಲ ಕೊಯ್ದು ತೆಗೆದು ಸಲೈನಿನಿಂದ ತೊಳೆಯುತ್ತೇವೆ. ಅಯೋಡಿನ್, ಮುಲಾಮು ಒಂದಿಷ್ಟೂ ಉಳಿಯಬಾರದು. ನೀರು ನಿಂತಿದ್ದರೆ ಗಾಜ್‌ನಿಂದ ಒತ್ತಿ ತೆಗೆಯಬೇಕು.

ಹಿಡಿಯುವ ಮೊದಲು ನನ್ನ ಬೆರಳ ತುದಿಗೆ ಒಂದು ಸಲ ತಾಗಿಸಿಕೊಳ್ಳುತ್ತೇನೆ, ಪ್ರತಿ ಪೇಶಂಟಿಗೂ. ಅವರ ಪಾದಕ್ಕೆ ಬಿಸಿ ಗೊತ್ತಾಗುವುದಿಲ್ಲ, ಸುಟ್ಟರೂ ಹೇಳುವವರಿಲ್ಲ ಅಲ್ವಾ? ಆಮೇಲೆ ನೇರಳೆ ತುದಿ ಗಾಯಕ್ಕೆ ಮುಟ್ಟುವಷ್ಟು ದೂರದಲ್ಲಿ ಹಿಡಿದು, ಹೊಲ ಉತ್ತ ಹಾಗೆ ಈ ಅಂಚಿನಿಂದ ಆ ಅಂಚಿಗೆ ನಿಧಾನವಾಗಿ ಸಾಗಬೇಕು. ಒಂದು ಚದರ ಸೆಂಟಿಮೀಟರಿಗೆ ಅರ್ಧದಿಂದ ಒಂದು ನಿಮಿಷ. ಒಂದೇ ಕಡೆ ನಿಲ್ಲುವಂತಿಲ್ಲ. ಅಂಗೈ ಅಗಲದ ಗಾಯಕ್ಕೆ ಇದು ಒಂದು ತಾಸಿನ ಕೆಲಸವಾಗುತ್ತದೆ, ನನ್ನ ಸಿಸ್ಟರಿಗೂ ಪೇಶಂಟಿಗೂ ಸಾಕಾಗಿಹೋಗುತ್ತದೆ, ಹಾಗಾಗಿ ದೊಡ್ಡ ಗಾಯಗಳನ್ನು ನಾನು ಈ ಪೆನ್ನಿಗೆ ಆರಿಸುವುದೇ ಇಲ್ಲ. ಓಝೋನ್ ವಾಸನೆ ಬರುತ್ತದೆ, ಕಿಟಕಿ ತೆಗೆದು ಎಕ್ಸಾಸ್ಟ್ ಫ್ಯಾನ್ ಹಾಕಿರಬೇಕು. ಆರ್ಗಾನ್ ವೆಲ್ಡಿಂಗಿಗೂ ಬಳಸುವ ಅನಿಲವೇ, ಆದರೆ ವರ್ಕ್‌ಶಾಪಿಗೆ ಹೋಗುವ ಸಿಲಿಂಡರ್ ತಂದು ಜೋಡಿಸಬಾರದು. ನಾನು 99.999 ಪರ್ಸೆಂಟ್ ಶುದ್ಧದ್ದನ್ನೇ ತರಿಸುತ್ತೇನೆ. ವಾರಕ್ಕೆ ಎರಡು-ಮೂರು ಸಲ, ಪ್ರತಿ ಸಲ ಡ್ರೆಸ್ಸಿಂಗ್ ಬದಲಿಸುವಾಗಲೇ.

ಫಲ ಇದೆಯಾ? 2010ರಲ್ಲಿ ಜರ್ಮನಿಯಲ್ಲಿ ಹಳೇ ಗಾಯದ 36 ಜನರ ಮೇಲೆ ನಡೆದ ಪ್ರಯೋಗದಲ್ಲಿ, ದಿನಕ್ಕೆ ಐದು ನಿಮಿಷ ಪ್ಲಾಸ್ಮಾ ಹಿಡಿದ ಕಡೆ ಬ್ಯಾಕ್ಟೀರಿಯಾ, ಹಿಡಿಯದ ಕಡೆಗಿಂತ 34 ಪರ್ಸೆಂಟ್ ಜಾಸ್ತಿ ಇಳಿದಿತ್ತು. ಅಲ್ಲಿನ ಗ್ರೈಫ್ಸ್‌ವಾಲ್ಡ್‌ನಲ್ಲಿ ರೂಪುಗೊಂಡ ಕಿನ್‌ಪೆನ್ ಅನ್ನುವ ಜೆಟ್‌ಗೆ 2013ರಲ್ಲಿ ಸಿಇ ಗುರುತು, ಅಂದ್ರೆ ಯುರೋಪಿನಲ್ಲಿ ಮಾರಲು ಬೇಕಾದ ಗುರುತು, ಸಿಕ್ಕಿತು. ಅದನ್ನೇ ಬಳಸಿ ಶುಗರ್ ಕಾಲಿನ ಗಾಯಗಳ ಮೇಲೆ ನಡೆದ ಪ್ರಯೋಗ 2020ರಲ್ಲಿ ಪ್ರಕಟವಾಯಿತು. ಪ್ಲಾಸ್ಮಾ ಪಡೆದ ಗಾಯಗಳು ಬೇಗ ಚಿಕ್ಕದಾದವು, ಆದರೆ ಸೋಂಕಿನ ವಿಷಯದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಬರಲಿಲ್ಲ. ನಾನು ಕಂಡಿದ್ದೂ ಹೆಚ್ಚುಕಡಿಮೆ ಹೀಗೇ: ಗಾಯದ ತಳ ಕೆಂಪಗೆ ತಿರುಗುತ್ತದೆ, ಅಂಚು ಒಳಗೆ ಸರಿಯಲು ಶುರು ಮಾಡುತ್ತದೆ. ಕೀವು, ಜ್ವರ, ಸುತ್ತಲೂ ಕೆಂಪು ಬಾವು ಇದ್ದರೆ ಆಂಟಿಬಯೋಟಿಕ್ ಬೇಕೇ ಬೇಕು.

ಜಾಸ್ತಿ ಜಗಳ ಆಗುವುದು ನಡೆಯುವ ವಿಷಯಕ್ಕೆ. ಅಂಗಾಲಿನ ಗಾಯದ ಮೇಲೆ ಭಾರ ಬಿದ್ದರೆ ಯಾವ ಮಷಿನ್ ಹಿಡಿದರೂ ಅದು ಮಾಯುವುದಿಲ್ಲ. ಎಲುಬು ಮುರಿದಾಗ ಹಾಕುವಂಥ ಗಟ್ಟಿ ಪ್ಲಾಸ್ಟರ್ ಹಾಕುತ್ತೇನೆ, ಒಪ್ಪದಿದ್ದರೆ ಗಾಯದ ಜಾಗಕ್ಕೆ ತೂತು ಬಿಟ್ಟು ಫೆಲ್ಟ್ ಪ್ಯಾಡ್ ಅಂಟಿಸುತ್ತೇನೆ, ಮಾಯ್ದ ಮೇಲೆ ಎಂಸಿಆರ್ ಅನ್ನುವ ಮೆತ್ತನೆ ರಬ್ಬರಿನ ಚಪ್ಪಲಿ. ಆದರೆ ಯಲ್ಲಮ್ಮನ ಗುಡ್ಡಕ್ಕೆ ಬರಿಗಾಲಲ್ಲಿ ಬರ್ತೀನಿ ಅಂತ ಹರಕೆ ಹೊತ್ತ ಅಜ್ಜಿಗೆ ಏನು ಹೇಳುವುದು? "ಯವ್ವಾ, ಈ ವರ್ಷ ಗಾಡಿ ಮ್ಯಾಲ ಹೋಗಿ ಬಾ, ಮಗನ್ನ ನಡಸು" ಅಂದೆ. ಮಗ ಪಕ್ಕದಲ್ಲೇ ನಿಂತಿದ್ದ, ಮುಖ ಸಣ್ಣದಾಯಿತು.

ಪ್ರತಿ ವಾರ ಸ್ಕೇಲ್ ಪಕ್ಕಕ್ಕಿಟ್ಟು ಫೋಟೋ ತೆಗೆದು ಅಳತೆ ಬರೆದಿಡುತ್ತೇವೆ. ನಾಲ್ಕು ವಾರಕ್ಕೆ ಗಾಯ ಅರ್ಧಕ್ಕೆ ಇಳಿಯದಿದ್ದರೆ ಪ್ಲಾಸ್ಮಾ ನಿಲ್ಲಿಸುತ್ತೇನೆ. ಡಾಪ್ಲರ್, ಎಕ್ಸ್-ರೇ ಮತ್ತೆ ಮೊದಲಿಂದ, ಜೊತೆಗೆ ಅಂಚಿನಿಂದ ಒಂದು ಚೂರು ತೆಗೆದು ಬಯಾಪ್ಸಿಗೆ ಕಳಿಸುತ್ತೇನೆ. ವರ್ಷಗಟ್ಟಲೆ ಮಾಯದ ಗಾಯದಲ್ಲಿ ಕ್ಯಾನ್ಸರ್ ಅಡಗಿರಬಹುದು.