ನಿಮ್ಮ ಆಧಾರ್ ಪ್ರತಿಯಲ್ಲಿ ಮಿರ್ಚಿ ಕಟ್ಟದಿರಲಿ

ಹೋದ ಮಳೆಗಾಲದಲ್ಲಿ ಒಂದು ಸಂಜೆ ಹುಬ್ಬಳ್ಳಿಯ ದುರ್ಗದ ಬೈಲಿನಲ್ಲಿ ನಿಂತು ಮಿರ್ಚಿ ತಿನ್ನುತ್ತಿದ್ದೆ. ಎರಡನೇ ಮಿರ್ಚಿ ಮುಗಿದಾಗ ಕಣ್ಣು ಕೈಯಲ್ಲಿದ್ದ ಕಾಗದದ ಮೇಲೆ ಬಿತ್ತು. ಯಾರದೋ ಸಾಲದ ಅರ್ಜಿ. ಹೆಸರು, ಅಪ್ಪನ ಹೆಸರು, ಓಣಿ, ಮೊಬೈಲ್ ನಂಬರ್, ಪಾನ್ ನಂಬರ್, ಎಲ್ಲ ಇತ್ತು. ಫೋಟೋ ಇದ್ದ ಜಾಗ ಮಾತ್ರ ಎಣ್ಣೆ ಕುಡಿದು ಮಸುಕಾಗಿತ್ತು.

ಆ ಮನುಷ್ಯನ ವಿವರವನ್ನು ಯಾವ ಹ್ಯಾಕರೂ ಕದ್ದಿರಲಿಲ್ಲ. ಆತನೇ ಕೈಯಾರೆ ಕೊಟ್ಟಿದ್ದ. ಕೊಟ್ಟ ಜಾಗದಿಂದ ರದ್ದಿಗೆ, ರದ್ದಿಯಿಂದ ಮಿರ್ಚಿ ಗಾಡಿಗೆ ಬಂದಿತ್ತು. ನಮ್ಮ ಕಡೆ ಖಾಸಗಿ ವಿವರ ಸೋರುವುದು ಬಹಳ ಸಲ ಹೀಗೇ. ಕೇಳಿದರು, ಇಲ್ಲ ಅನ್ನಲು ಸಂಕೋಚ ಆಯಿತು, ಕೊಟ್ಟೆವು.

"ಮುಚ್ಚಿಡೋದು ಏನೈತಿ ನಮ್ಮದು?" ಎಂದು ಕೇಳುವವರು ಪ್ರತಿ ಮನೆಯಲ್ಲೂ ಒಬ್ಬರಿದ್ದಾರೆ. ನಮ್ಮ ಓಣಿಯಲ್ಲಿ ಯಾರ ಮನೆಗೆ ಬೀಗರು ಬಂದರು, ಯಾರ ಮನೆಯಲ್ಲಿ ಹೋಳಿಗೆ ಮಾಡಿದರು ಅಂತ ಎಲ್ಲರಿಗೂ ಗೊತ್ತು, ನಿಜ. ಆದರೆ ಓಣಿಗೆ ಗೊತ್ತಾದದ್ದು ನಾಲ್ಕು ದಿನಕ್ಕೆ ಮರೆತುಹೋಗುತ್ತದೆ. ಕಂಪ್ಯೂಟರಿಗೆ ಗೊತ್ತಾದದ್ದು ಮರೆಯುವುದಿಲ್ಲ, ಮಾರಾಟವೂ ಆಗುತ್ತದೆ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿತು. ಆ ಮೊಕದ್ದಮೆ ಹೂಡಿದವರು ನಮ್ಮದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಹೂಡುವಾಗಲೇ ಅವರಿಗೆ ಎಂಬತ್ತು ದಾಟಿತ್ತು. ಅಷ್ಟು ವಯಸ್ಸಿನವರು ಕೋರ್ಟ್ ಹತ್ತಿದ್ದಾರೆ, ನಾವು ಫೋನಿನ ಸೆಟ್ಟಿಂಗ್ಸ್ ತೆರೆಯಲು ಬೇಸರ ಪಡುತ್ತೇವೆ.

ಫೋನಿಗೆ ಆಮೇಲೆ ಬರೋಣ. ಮೊದಲು ಝೆರಾಕ್ಸ್ ಅಂಗಡಿಗೆ ಹೋಗೋಣ.

ಝೆರಾಕ್ಸ್ ಅಂಗಡಿಯಲ್ಲಿ

ಧಾರವಾಡದ ಸಪ್ತಾಪುರದ ಕಡೆ ಕೋಚಿಂಗ್ ಸೆಂಟರ್ ಎಷ್ಟೋ, ಝೆರಾಕ್ಸ್ ಅಂಗಡಿಗಳೂ ಅಷ್ಟೇ. ಸರ್ಕಾರಿ ನೌಕರಿಗೆ ಅರ್ಜಿ ಕರೆದರೆ ಸಾಕು, ಅಂಗಡಿ ಮುಂದೆ ಕಾಲಿಡಲು ಜಾಗ ಇರುವುದಿಲ್ಲ. ತಂಗಿಯ ಮಗನ ಅರ್ಜಿ ತುಂಬಿಸಲು ನಾನೂ ಹೋಗಿದ್ದೆ. "ಕಳಿಸ್ರಿ ಅಕ್ಕಾರ, ಈ ನಂಬರಿಗೆ" ಎಂದ ಹುಡುಗ. ವಾಟ್ಸಾಪ್‌ನಲ್ಲಿ ಆಧಾರ್ ಪಿಡಿಎಫ್ ಕಳಿಸಿದೆ. ಫೈಲ್ ಪಾಸ್‌ವರ್ಡ್ ಕೇಳಿತು. ನಾನು ನೆನಪಿಸಿಕೊಳ್ಳುವಷ್ಟರಲ್ಲಿ ಅವನೇ "ಹುಟ್ಟಿದ್ದು ಯಾವ ವರ್ಷರೀ?" ಎಂದು ಕೇಳಿ ತೆರೆದುಬಿಟ್ಟ. ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ದೊಡ್ಡಕ್ಷರ, ಪಕ್ಕದಲ್ಲಿ ಹುಟ್ಟಿದ ವರ್ಷ. ಎಲ್ಲರ ಆಧಾರ್ ಫೈಲಿಗೂ ಇದೇ ಕೀಲಿ. ಹುಡುಗನದು ತಪ್ಪೇನಿಲ್ಲ, ದಿನಕ್ಕೆ ನೂರು ಮಂದಿಯ ಕೆಲಸ ಅವನದು. ಆದರೆ ಆ ಕಂಪ್ಯೂಟರಿನ ಡೌನ್‌ಲೋಡ್ಸ್ ಫೋಲ್ಡರ್ ಕಂಡು ನನಗೆ ಗಾಬರಿಯಾಯಿತು. ಅಂಕಪಟ್ಟಿ, ಜಾತಿ ಪ್ರಮಾಣಪತ್ರ, ಪಾಸ್‌ಬುಕ್ಕಿನ ಮೊದಲ ಪುಟ. ಕೆಳಗೆ ಸರಿಸಿದಷ್ಟೂ ಮುಗಿಯಲಿಲ್ಲ.

ಅಂದಿನಿಂದ ನಾನು ಮಾಡುವುದು ಇಷ್ಟು. ಆದಷ್ಟು ಪೆನ್ ಡ್ರೈವ್ ಒಯ್ಯುತ್ತೇನೆ. ಅದರಲ್ಲಿ ಅವತ್ತು ಬೇಕಾದ ಫೈಲ್ ಮಾತ್ರ ಇರುತ್ತದೆ, ಮದುವೆ ಫೋಟೋ ಎಲ್ಲ ಇರುವುದಿಲ್ಲ. ವಾಟ್ಸಾಪ್‌ನಲ್ಲೇ ಕಳಿಸಬೇಕಾಗಿ ಬಂದರೆ, ಪ್ರಿಂಟ್ ಕೈಗೆ ಬಂದ ಕೂಡಲೇ ನನ್ನ ಫೋನಿನಿಂದ 'ಡಿಲೀಟ್ ಫಾರ್ ಎವರಿವನ್' ಒತ್ತುತ್ತೇನೆ. ಅಷ್ಟಕ್ಕೇ ಮುಗಿಯಲಿಲ್ಲ. ಕಂಪ್ಯೂಟರಿಗೆ ಇಳಿದ ಪ್ರತಿ ಅಲ್ಲೇ ಉಳಿದಿರುತ್ತದೆ. "ತಮ್ಮಾ, ಡೌನ್‌ಲೋಡ್ಸ್‌ನಾಗಿಂದು ತೆಗದುಬಿಡಪಾ" ಎಂದು ನಿಂತು ತೆಗೆಸಬೇಕು. ಫೈಲ್ ಆರಿಸಿ ಶಿಫ್ಟ್ ಹಿಡಿದು ಡಿಲೀಟ್ ಒತ್ತಿದರೆ ರೀಸೈಕಲ್ ಬಿನ್ನಿಗೂ ಹೋಗುವುದಿಲ್ಲ. ಎರಡು ಸೆಕೆಂಡಿನ ಕೆಲಸ. ಯಾರೂ ಇಲ್ಲ ಅಂದಿಲ್ಲ.

ಅಲ್ಲೇ ಇಮೇಲ್ ತೆರೆಯಬೇಕಾದರೆ ಇನ್‌ಕಾಗ್ನಿಟೋ ಕಿಟಕಿಯಲ್ಲಿ (ಮುಚ್ಚಿದ ಮೇಲೆ ನಿಮ್ಮ ಲಾಗಿನ್ ಉಳಿಸಿಕೊಳ್ಳದ ಕಿಟಕಿ) ತೆರೆಯಿರಿ, ಪಾಸ್‌ವರ್ಡ್ ನೀವೇ ಟೈಪ್ ಮಾಡಿ. 'ಸೇವ್ ಮಾಡಲೇ?' ಎಂದು ಕೇಳಿದರೆ ಬೇಡ ಅನ್ನಿ. ಕಪ್ಪಾಗಿ ಬಂದ, ಓರೆಯಾಗಿ ಬಂದ ಹಾಳು ಪ್ರತಿಗಳನ್ನು ಬುಟ್ಟಿಗೆ ಹಾಕಲು ಬಿಡಬೇಡಿ. ಕೇಳಿ ತೆಗೆದುಕೊಂಡು ಹರಿಯಿರಿ. ಮಿರ್ಚಿ ಗಾಡಿಗೆ ಹೋಗುವುದು ಇವೇ.

ಯಾರಿಗಾದರೂ ಗುರುತಿನ ಪ್ರತಿ ಕೊಡುವಾಗ ಅದರ ಮೇಲೆ ಅಡ್ಡಲಾಗಿ ಪೆನ್ನಿನಲ್ಲಿ ಬರೆಯಿರಿ: 'ಬಾಡಿಗೆ ಕರಾರಿಗೆ ಮಾತ್ರ', ದಿನಾಂಕ, ಸಹಿ. ಅಕ್ಷರ ಫೋಟೋದ ಅಂಚಿಗೆ ತಾಗಲಿ, ಓದಬೇಕಾದದ್ದು ಮುಚ್ಚದಿರಲಿ. ಹೀಗೆ ಬರೆದ ಪ್ರತಿಯಲ್ಲಿ ಇನ್ನೊಬ್ಬರು ಸಿಮ್ ತೆಗೆದುಕೊಳ್ಳುವುದು ಕಷ್ಟ.

ನಂಬರಿಗೆ ಮುಸುಕು, ಹೆಬ್ಬೆಟ್ಟಿಗೆ ಬೀಗ

ಲಾಡ್ಜ್, ಬಾಡಿಗೆ ಮನೆ, ಪಿಜಿ. ಇಲ್ಲೆಲ್ಲ ಪೂರ್ತಿ ಆಧಾರ್ ಕೊಡುವ ಅಗತ್ಯ ಇಲ್ಲ. ಮಾಸ್ಕ್ಡ್ ಆಧಾರ್ ಅಂತ ಒಂದಿದೆ. ಅದರಲ್ಲಿ ಹನ್ನೆರಡು ಅಂಕಿಗಳಲ್ಲಿ ಕೊನೆಯ ನಾಲ್ಕು ಮಾತ್ರ ಕಾಣುತ್ತವೆ. ಆಧಾರ್ ಪ್ರಾಧಿಕಾರದ 'ಮೈ ಆಧಾರ್' ವೆಬ್‌ಸೈಟಿಗೆ ಹೋಗಿ, ನಂಬರ್ ಹಾಕಿ, ಓಟಿಪಿ ಕೊಟ್ಟು 'ಡೌನ್‌ಲೋಡ್ ಆಧಾರ್' ಒತ್ತಿ. 'ಮಾಸ್ಕ್ಡ್ ಆಧಾರ್ ಬೇಕೇ?' ಎಂದು ಒಂದು ಚಿಕ್ಕ ಚೌಕ ಕಾಣುತ್ತದೆ. ಅದಕ್ಕೆ ಟಿಕ್ ಹಾಕುವುದನ್ನೇ ಎಲ್ಲರೂ ಮರೆಯುತ್ತಾರೆ. ಫೈಲ್ ಇಳಿಸಿ ನಾಲ್ಕು ಪ್ರತಿ ತೆಗೆಸಿ ಮನೆಯಲ್ಲಿ ಇಟ್ಟುಕೊಳ್ಳಿ.

2022ರ ಮೇ ತಿಂಗಳಲ್ಲಿ ಪ್ರಾಧಿಕಾರದ ಬೆಂಗಳೂರು ಕಚೇರಿಯೇ, ಸಿಕ್ಕಸಿಕ್ಕವರಿಗೆ ಆಧಾರ್ ಪ್ರತಿ ಕೊಡಬೇಡಿ, ಮಾಸ್ಕ್ಡ್ ಪ್ರತಿ ಕೊಡಿ ಎಂದು ಪ್ರಕಟಣೆ ಹೊರಡಿಸಿತ್ತು. ಮಂದಿ ಗಾಬರಿಯಾದರು ಅಂತ ಎರಡೇ ದಿನಕ್ಕೆ ಕೇಂದ್ರ ಅದನ್ನು ವಾಪಸ್ ಪಡೆಯಿತು. ನನ್ನ ಕೇಳಿದರೆ ಆ ಪ್ರಕಟಣೆಯಲ್ಲಿ ತಪ್ಪೇನೂ ಇರಲಿಲ್ಲ.

ಬೆರಳಚ್ಚಿನ ವಿಷಯ ಇದಕ್ಕಿಂತ ಗಂಭೀರ. ಹಳ್ಳಿಗಳಲ್ಲಿ ಬ್ಯಾಂಕ್ ಮಿತ್ರರು ಸಣ್ಣ ಯಂತ್ರದ ಮೇಲೆ ಹೆಬ್ಬೆಟ್ಟು ಒತ್ತಿಸಿ ಹಣ ಕೊಡುತ್ತಾರಲ್ಲ, ಅದು ಎಇಪಿಎಸ್, ಅಂದರೆ ಆಧಾರ್ ಮೂಲಕ ಹಣ ಕೊಡುವ ವ್ಯವಸ್ಥೆ. ಅದಕ್ಕೆ ಓಟಿಪಿ ಬೇಡ, ಕಾರ್ಡ್ ಬೇಡ. ಆಧಾರ್ ನಂಬರ್, ಬ್ಯಾಂಕಿನ ಹೆಸರು, ಬೆರಳು ಇದ್ದರೆ ಸಾಕು. 2023ರಲ್ಲಿ ನಮ್ಮ ರಾಜ್ಯದಲ್ಲೇ ಆಸ್ತಿ ನೋಂದಣಿ ಪತ್ರಗಳ ಮೇಲಿದ್ದ ಬೆರಳಚ್ಚನ್ನು ನಕಲು ಮಾಡಿ ಖಾತೆಯಿಂದ ಹಣ ಎತ್ತಿದ ಪ್ರಕರಣಗಳು ಬೆಳಕಿಗೆ ಬಂದವು. ಪಾಸ್‌ವರ್ಡ್ ಹೋದರೆ ಬದಲಾಯಿಸಬಹುದು. ಹೆಬ್ಬೆಟ್ಟು ಎಲ್ಲಿಂದ ತರುವುದು?

ಅದಕ್ಕೆ ಬೀಗ ಹಾಕಬಹುದು. ಅದೇ ವೆಬ್‌ಸೈಟಿನಲ್ಲಿ ಲಾಗಿನ್ ಆಗಿ 'ಲಾಕ್/ಅನ್‌ಲಾಕ್ ಬಯೋಮೆಟ್ರಿಕ್ಸ್' ಆರಿಸಿ, ಲಾಕ್ ಮಾಡಿ. ಖರ್ಚಿಲ್ಲ. ಒಂದು ಮಾತು ನೆನಪಿರಲಿ: ಬೀಗ ಬಿದ್ದ ಮೇಲೆ ರೇಷನ್ ಅಂಗಡಿಯಲ್ಲೂ, ಹೊಸ ಸಿಮ್ ಕೊಳ್ಳುವಾಗಲೂ ನಿಮ್ಮ ಬೆರಳನ್ನು ಯಂತ್ರ ಒಪ್ಪುವುದಿಲ್ಲ. ಆಗ ತಾತ್ಕಾಲಿಕವಾಗಿ ತೆರೆದು ಕೆಲಸ ಮುಗಿಸಬೇಕು, ಸ್ವಲ್ಪ ಹೊತ್ತಿನ ಮೇಲೆ ಅದು ತಾನೇ ಮುಚ್ಚಿಕೊಳ್ಳುತ್ತದೆ. ನಮ್ಮ ಅವ್ವನ ಹೆಬ್ಬೆಟ್ಟಿಗೆ ಬೀಗ ಹಾಕಿ ಅವಳಿಗೆ ಹೇಳುವುದನ್ನೇ ಮರೆತಿದ್ದೆ. ರೇಷನ್ ಸಾಲಿನಲ್ಲಿ ಅರ್ಧ ತಾಸು ನಿಂತು ಬರಿಗೈಯಲ್ಲಿ ಬಂದಳು. ಆ ದಿನ ಬೈಸಿಕೊಂಡದ್ದನ್ನು ಇಲ್ಲಿ ಬರೆಯುವಂತಿಲ್ಲ.

ಕೌಂಟರಿನಲ್ಲಿ "ಬ್ಯಾಡ್ರಿ"

ಕೊಪ್ಪಿಕರ್ ರಸ್ತೆಯಲ್ಲಿ ಒಂದು ಜೊತೆ ಚಪ್ಪಲಿ ಕೊಂಡರೂ ಮೊದಲ ಪ್ರಶ್ನೆ "ನಂಬರ್ ಹೇಳ್ರಿ". ಕೊಡಲೇಬೇಕು ಎಂದೇನಿಲ್ಲ. ಬಿಲ್ ಮಾಡಲು ಮೊಬೈಲ್ ನಂಬರಿಗೆ ಒತ್ತಾಯ ಮಾಡಬೇಡಿ ಎಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಮೇ ತಿಂಗಳಲ್ಲೇ ಅಂಗಡಿಯವರಿಗೆ ತಿಳಿಸಿದೆ. "ಬ್ಯಾಡ್ರಿ, ಕಾಗದದ ಬಿಲ್ ಕೊಡ್ರಿ" ಎಂದರೆ ಮುಗಿಯಿತು. "ಸಿಸ್ಟಮ್ ತಗೋಳೂದಿಲ್ರಿ" ಅಂತಾರೆ. ಸುಮ್ನೆ ಒಂದು ನಿಮಿಷ ನಿಲ್ಲಿ. ಸಿಸ್ಟಮ್ ತಗೊಳ್ಳುತ್ತದೆ.

ಈಗ ಫೋನು

ಆಂಡ್ರಾಯ್ಡ್ ಫೋನಿನಲ್ಲಿ ಸೆಟ್ಟಿಂಗ್ಸ್ ತೆರೆದು, ಮೇಲಿನ ಹುಡುಕುವ ಪಟ್ಟಿಯಲ್ಲಿ 'ಪರ್ಮಿಷನ್ ಮ್ಯಾನೇಜರ್' ಎಂದು ಹುಡುಕಿ. ಲೊಕೇಶನ್, ಮೈಕ್, ಕ್ಯಾಮೆರಾ, ಕಾಂಟ್ಯಾಕ್ಟ್ಸ್, ಎಸ್ಎಂಎಸ್ ಎಂದು ಸಾಲಾಗಿ ಬರುತ್ತವೆ. ಒಂದೊಂದನ್ನೇ ಒತ್ತಿ, ಒಳಗೆ ಯಾವ ಯಾವ ಆ್ಯಪ್ ಕುಳಿತಿವೆ ನೋಡಿ. ಬ್ಯಾಟರಿ ದೀಪದ ಆ್ಯಪ್‌ಗೆ ನಿಮ್ಮ ಕಾಕಾನ ನಂಬರ್ ಯಾಕೆ ಬೇಕು? ಪಂಚಾಂಗಕ್ಕೆ ಮೈಕ್ ಯಾಕೆ? ಕಾರಣ ತೋಚದಿದ್ದರೆ ಕಿತ್ತುಹಾಕಿ. ನಿಜವಾಗಿ ಬೇಕಿದ್ದರೆ ಅದು ಮತ್ತೆ ಕೇಳುತ್ತದೆ. ಲೊಕೇಶನ್ನಿಗೆ 'ಆ್ಯಪ್ ಬಳಸುವಾಗ ಮಾತ್ರ' ಎಂದು ಇಡಿ. ಹೊಸ ಫೋನುಗಳಲ್ಲಿ ಕ್ಯಾಮೆರಾ ಇಲ್ಲವೇ ಮೈಕ್ ನಡೆಯುತ್ತಿದ್ದರೆ ಮೇಲಿನ ಮೂಲೆಯಲ್ಲಿ ಹಸಿರು ಚುಕ್ಕಿ ಬರುತ್ತದೆ. ನೀವು ಏನೂ ಮಾಡದಿದ್ದಾಗ ಆ ಚುಕ್ಕಿ ಕಂಡರೆ ಪರದೆಯನ್ನು ಮೇಲಿನಿಂದ ಕೆಳಗೆ ಎಳೆದು ಅದನ್ನು ಮುಟ್ಟಿ ನೋಡಿ, ಯಾವ ಆ್ಯಪ್ ಅಂತ ತೋರಿಸುತ್ತದೆ.

ಸಾಲದ ಆ್ಯಪ್‌ಗಳ ಬಗ್ಗೆ ಬೇರೆಯಾಗಿ ಹೇಳಬೇಕು. ಕಂತು ತಪ್ಪಿದರೆ ನಿಮ್ಮ ಕಾಂಟ್ಯಾಕ್ಟ್ ಪಟ್ಟಿಯಲ್ಲಿ ಇದ್ದವರಿಗೆಲ್ಲ ಫೋನ್ ಮಾಡಿ ಮಾನ ಕಳೆಯುವುದು ಇವರ ಪದ್ಧತಿ. ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ ಸಾಲದ ಆ್ಯಪ್ ನಿಮ್ಮ ಕಾಂಟ್ಯಾಕ್ಟ್, ಫೋಟೋ, ಕರೆಗಳ ಪಟ್ಟಿ ಮುಟ್ಟುವಂತಿಲ್ಲ. ಮುಟ್ಟಲು ಅನುಮತಿ ಕೇಳಿತು ಎಂದರೆ ಅಲ್ಲೇ ಬಿಟ್ಟುಬಿಡಿ.

ಲಗ್ನದ ಸೀಜನ್ನಿನಲ್ಲಿ ಇನ್ನೊಂದು ಕಾಟ. ವಾಟ್ಸಾಪ್‌ಗೆ ಆಮಂತ್ರಣ ಬರುತ್ತದೆ, ಫೈಲಿನ ಹೆಸರು 'ಎಪಿಕೆ' ಎಂದು ಮುಗಿಯುತ್ತದೆ, ಅಂದರೆ ಅದೊಂದು ಆ್ಯಪ್. ಲಗ್ನಪತ್ರಿಕೆ ಚಿತ್ರವಾಗಿ ಬರಬಹುದು, ಪಿಡಿಎಫ್ ಆಗಿ ಬರಬಹುದು. ಇನ್‌ಸ್ಟಾಲ್ ಮಾಡಬೇಕಾದ ಲಗ್ನಪತ್ರಿಕೆ ಮಾತ್ರ ಇಲ್ಲ. ಒಳಗೆ ಬಿಟ್ಟರೆ ನಿಮ್ಮ ಎಸ್ಎಂಎಸ್ ಓದುತ್ತದೆ, ಓಟಿಪಿ ಅತ್ತ ಹೋಗುತ್ತದೆ. ಕಳಿಸಿದವರು ನಿಮ್ಮ ಸ್ವಂತ ಅತ್ತೆಯೇ ಆದರೂ ಫೋನ್ ಮಾಡಿ ಕೇಳಿ. ಅವರ ಫೋನ್ ಆಗಲೇ ಬೇರೆಯವರ ಕೈಯಲ್ಲಿರಬಹುದು.

ವಾಟ್ಸಾಪ್‌ನಲ್ಲಿ ಮಾಡುವುದು ಮೂರೇ ಕೆಲಸ. ಅಕೌಂಟ್ ಒಳಗೆ 'ಟೂ ಸ್ಟೆಪ್ ವೆರಿಫಿಕೇಶನ್' ಹಾಕಿ ಆರಂಕಿಯ ಪಿನ್ ಇಡಿ, ಹುಟ್ಟಿದ ದಿನಾಂಕ ಬೇಡ. 'ಲಿಂಕ್ಡ್ ಡಿವೈಸಸ್' ತೆರೆದು ಗುರುತಿಲ್ಲದ ಕಂಪ್ಯೂಟರ್ ಇದ್ದರೆ ಲಾಗ್ ಔಟ್ ಮಾಡಿ. ಯಾವಾಗಲೋ ಪ್ರಿಂಟಿಗೆ ಅಂತ ತೆರೆದದ್ದು ಅಲ್ಲೇ ಇರುತ್ತದೆ. ಪ್ರೈವೆಸಿಯಲ್ಲಿ ಗ್ರೂಪಿಗೆ ಸೇರಿಸುವ ಹಕ್ಕನ್ನು 'ಮೈ ಕಾಂಟ್ಯಾಕ್ಟ್ಸ್' ಎಂದು ಇಡಿ.

ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಇವೆ ಗೊತ್ತೇ? ಕೇಂದ್ರ ಸರ್ಕಾರದ ಸಂಚಾರ್ ಸಾಥಿ ವೆಬ್‌ಸೈಟಿನಲ್ಲಿ ನಂಬರ್, ಓಟಿಪಿ ಹಾಕಿದರೆ ಪಟ್ಟಿ ಬರುತ್ತದೆ. ನಿಮ್ಮದಲ್ಲದ ನಂಬರ್ ಕಂಡರೆ 'ನಾಟ್ ಮೈ ನಂಬರ್' ಒತ್ತಿ. ಫೋನ್ ಕಳೆದಾಗ ಬ್ಲಾಕ್ ಮಾಡಿಸುವುದೂ ಅಲ್ಲಿಯೇ.

ಹಣ ಹೋಗಿಬಿಟ್ಟರೆ

ನಾಚಿಕೊಂಡು ಕೂಡಬೇಡಿ. ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಆಮೇಲೆ ಬ್ಯಾಂಕಿಗೆ. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರುವ ಮೊದಲೇ ತಡೆಯಬೇಕು, ಅದಕ್ಕೇ ಈ ಅವಸರ. ದೂರು ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಮೂರೂ ಕಡೆ ಸಿಇಎನ್ ಪೊಲೀಸ್ ಠಾಣೆಗಳಿವೆ, ಸೈಬರ್ ಅಪರಾಧ ನೋಡುವುದು ಅವರೇ. ಇದೆಲ್ಲದರ ನಡುವೆ ಯಾರಾದರೂ ವಿಡಿಯೋ ಕಾಲ್ ಮಾಡಿ "ನಿಮ್ಮನ್ನು ಡಿಜಿಟಲ್ ಅರೆಸ್ಟ್ ಮಾಡಿದ್ದೇವೆ" ಎಂದರೆ ಫೋನ್ ಕಟ್ ಮಾಡಿ ಚಹಾ ಕುಡಿಯಿರಿ. ಕಾನೂನಿನಲ್ಲಿ ಅಂಥದ್ದೊಂದು ಇಲ್ಲವೇ ಇಲ್ಲ.

ಹಳೆ ಫೋನ್ ಮಾರುವಾಗ

ಬೇಕಾದ ಫೋಟೋ ಬೇರೆ ಕಡೆ ಇಳಿಸಿ. ಯುಪಿಐ ಆ್ಯಪ್‌ಗಳಿಂದ ಹೊರಬನ್ನಿ. ಸೆಟ್ಟಿಂಗ್ಸ್‌ನಲ್ಲಿ ಗೂಗಲ್ ಖಾತೆ ತೆಗೆಯಿರಿ. ಕೊನೆಗೆ 'ಫ್ಯಾಕ್ಟರಿ ರೀಸೆಟ್'. ಈ ಕ್ರಮ ತಪ್ಪಿಸಬೇಡಿ. ಖಾತೆ ತೆಗೆಯದೆ ರೀಸೆಟ್ ಮಾಡಿದರೆ ಕೊಂಡವನು ನಿಮ್ಮ ಪಾಸ್‌ವರ್ಡ್ ಕೇಳಿಕೊಂಡು ಮನೆಗೇ ಬರಬಹುದು.

ಸಿಮ್ ತೆಗೆಯುವುದು ಎಲ್ಲರಿಗೂ ನೆನಪಿರುತ್ತದೆ, ಮೆಮೊರಿ ಕಾರ್ಡ್ ಮರೆಯುತ್ತದೆ. ನಾನೇ ಮರೆತಿದ್ದೆ. ಮರುದಿನ ಬೆಳಿಗ್ಗೆ ಧಾರವಾಡದಿಂದ ಚಿಗರಿ ಬಸ್ ಹಿಡಿದು ಹುಬ್ಬಳ್ಳಿಯ ಆ ಅಂಗಡಿಗೆ ಓಡಿದೆ. ಕಾರ್ಡ್ ಸಿಕ್ಕಿತು. ನನ್ನ ಫೋಟೋಗಳೂ ಇದ್ದವು. ಜೊತೆಗೆ ಅಂಗಡಿಯವನು ಅದರಲ್ಲಿ ಆಗಲೇ ಇನ್ನೂರು ಹಾಡು ತುಂಬಿಸಿದ್ದ.