ಸ್ಲಿಪ್ ಹಚ್ಚುವ ಹೊತ್ತು: ಹಸಿ ಮಣ್ಣಿನಿಂದ ಬಿಸ್ಕ್‌ವರೆಗೆ

ಸ್ಲಿಪ್ ಅಂದರೆ ನೀರಿನಲ್ಲಿ ಕದಡಿ ಸೋಸಿದ ಜೇಡಿಮಣ್ಣು. ನಮ್ಮ ಕುಂಬಾರರು ಆವಿಗೆಗೆ ಇಡುವ ಮುಂಚೆ ಮಡಕೆಗೆ ಬಳಿಯುವ ಕೆಮ್ಮಣ್ಣೂ ಇದೇ ಜಾತಿಯದು. ಗ್ಲೇಜ್ (ಸುಟ್ಟಾಗ ಗಾಜಿನಂತಾಗುವ ಲೇಪ) ಅಡಿಯಲ್ಲಿ ಚಿತ್ತಾರ ಮಾಡಲು ಇದನ್ನು ಬಳಸುವಾಗ ನಾನು ಮೊದಲು ನೋಡುವುದು ಒಂದೇ ಸಂಗತಿ: ಪಾತ್ರೆ ಇನ್ನೆಷ್ಟು ಕುಗ್ಗುವುದು ಬಾಕಿಯಿದೆ? ಸ್ಲಿಪ್ ಕೂಡ ಹೆಚ್ಚುಕಡಿಮೆ ಅಷ್ಟೇ ಕುಗ್ಗಬೇಕು. ಪಾತ್ರೆಗಿಂತ ಅದು ಜಾಸ್ತಿ ಕುಗ್ಗಿದರೆ ಒಣಗಿದ ಕೆರೆಯ ತಳದ ಹಾಗೆ ಬಲೆ ಬಲೆಯಾಗಿ ಬಿರಿಯುತ್ತದೆ. ಕಮ್ಮಿ ಕುಗ್ಗಿದರೆ ಬಾಯಂಚಿನಲ್ಲಿ, ಹಿಡಿಯ ಮೂಲೆಯಲ್ಲಿ ಪದರ ಪದರವಾಗಿ ಸಿಡಿದು ಏಳುತ್ತದೆ. ಹಾಗಾಗಿ ಎಲ್ಲ ಹಂತಕ್ಕೂ ಒಂದೇ ಡಬ್ಬಿಯ ಸ್ಲಿಪ್ ನಡೆಯುವುದಿಲ್ಲ.

ನನ್ನದು ಕೆಂಪು ಮಣ್ಣು, ಗ್ಲೇಜ್ ಸುಡುವುದು 1040 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ. ಕೆಳಗಿನ ಅಳತೆಗಳೆಲ್ಲ ಒಣ ಪುಡಿಯ ತೂಕ, ನೂರಕ್ಕೆ ಇಷ್ಟು ಅಂತ.

ಚಕ್ರದ ಮೇಲಿರುವ ಹಸಿ ಪಾತ್ರೆಗೆ ಅದೇ ಮಣ್ಣಿನಿಂದ ಮಾಡಿದ ಸ್ಲಿಪ್ ಸಾಕು. ಒಣಗಿದ ಚೂರುಗಳನ್ನು ನೆನೆಸಿ, 80 ಮೆಶ್ (ಇಂಚಿಗೆ 80 ಕಣ್ಣಿನ) ಜರಡಿಯಲ್ಲಿ ಸೋಸಿ, ಕಪ್ಪುಗಂದು ಬೇಕಾದರೆ ಐರನ್ ಆಕ್ಸೈಡ್ 8 ಸೇರಿಸುತ್ತೇನೆ. ದಪ್ಪಗೆ ಬಳಿದು ಬೆರಳಿನಿಂದಲೋ ಬಾಚಣಿಗೆಯಿಂದಲೋ ಗೆರೆ ಎಳೆಯಬಹುದು. ತೆಳು ಗೋಡೆಯ ಪಾತ್ರೆ ಮಾತ್ರ ಈ ನೀರನ್ನು ಕುಡಿದು ಕುಸಿಯುತ್ತದೆ. ಈ ಹಂತವನ್ನು ನಾನು ತಟ್ಟೆಗಳಿಗಷ್ಟೇ ಇಟ್ಟುಕೊಂಡಿದ್ದೇನೆ. ಹಾಳೆಯಂತೆ ಲಟ್ಟಿಸಿದ ಮಣ್ಣಿನ ಮೇಲೆ ಒಂದು ಬಣ್ಣ ಸುರಿದು, ಅದು ಹಸಿಯಿದ್ದಾಗಲೇ ಇನ್ನೊಂದರ ಗೆರೆ ಬಿಟ್ಟು, ಹಿಡಿಸೂಡಿಯ ಕಡ್ಡಿ ತುದಿಯಿಂದ ಅಡ್ಡ ಎಳೆದರೆ ಗರಿಯಂಥ ವಿನ್ಯಾಸ ಬರುತ್ತದೆ. ಎರಡೂ ಸ್ಲಿಪ್ ಒಂದೇ ಮಂದದಲ್ಲಿರಬೇಕು. ಇಲ್ಲದಿದ್ದರೆ ಗೆರೆ ಮುಳುಗುತ್ತದೆ ಇಲ್ಲವೇ ಉಬ್ಬಿ ನಿಲ್ಲುತ್ತದೆ.

ಹೆಚ್ಚಿನ ಕೆಲಸ ನಡೆಯುವುದು ಲೆದರ್ ಹಾರ್ಡ್ ಹಂತದಲ್ಲಿ. ಉಗುರು ಒತ್ತಿದರೆ ಗುರುತು ಬೀಳಬೇಕು, ಪಾತ್ರೆ ಎತ್ತಿದರೆ ಆಕಾರ ಕೆಡಬಾರದು, ಮಣ್ಣು ಕೈಗೆ ಅಂಟಬಾರದು. ಇಲ್ಲಿಗೆ ನನ್ನ ಬಿಳಿ ಸ್ಲಿಪ್: ಚೈನಾ ಕ್ಲೇ (ಬಿಳಿ ಜೇಡಿಮಣ್ಣು) 40, ಬಾಲ್ ಕ್ಲೇ (ನುಣುಪಾದ, ಅಂಟು ಹೆಚ್ಚಿರುವ ಮಣ್ಣು) 40, ಕ್ವಾರ್ಟ್ಜ್ 10, ಬೊರಾಕ್ಸ್ ಫ್ರಿಟ್ (ಕರಗಿಸಿ ಪುಡಿಮಾಡಿದ ಗಾಜು) 10. ಅದ್ದಲು 100 ಮಿಲಿ ಸ್ಲಿಪ್ 140 ಗ್ರಾಂ ತೂಗುವಂತೆ ನೀರು ಹಾಕುತ್ತೇನೆ. ಒಂದು ಕಿಲೋ ಪುಡಿಗೆ 2ರಿಂದ 3 ಗ್ರಾಂ ಸೋಡಿಯಂ ಸಿಲಿಕೇಟ್ ಬೆರೆಸಿದರೆ ಕಡಿಮೆ ನೀರಿನಲ್ಲೇ ಸ್ಲಿಪ್ ಸರಾಗ ಹರಿಯುತ್ತದೆ, ಪಾತ್ರೆಗೆ ಇಳಿಯುವ ನೀರೂ ಅಷ್ಟು ಕಮ್ಮಿ. ಸಿಲಿಕೇಟ್ ಹೆಚ್ಚಾದರೆ ಪುಡಿ ತಳದಲ್ಲಿ ಗಟ್ಟಿಯಾಗಿ ಕೂತುಬಿಡುತ್ತದೆ. ನಿಂತ ಗೋಡೆಯ ಮೇಲೆ ಸ್ಲಿಪ್ ಜಾರುತ್ತಿದ್ದರೆ ಕೆಲವು ಹನಿ ವಿನೆಗರ್ ಹಾಕಿದರೆ ಮಂದವಾಗುತ್ತದೆ.

ಒಳಗೂ ಹೊರಗೂ ಒಟ್ಟಿಗೆ ಹಚ್ಚಬಾರದು. ಒಳಗೆ ಸುರಿದು, ಮೂರು ನಾಲ್ಕು ಸೆಕೆಂಡಿನಲ್ಲಿ ಚೆಲ್ಲಿ, ಮೇಲ್ಮೈಯ ಹೊಳಪು ಹೋಗಿ ಗೋಡೆ ಮತ್ತೆ ಬಿಗಿಯಾಗುವವರೆಗೆ ಕಾಯಬೇಕು. ಆಮೇಲೆ ಹೊರಗೆ. ಚಹಾ ಕಪ್ಪಿನ ಹಿಡಿ ಬಿರುಕು ಬಿಡಲು ಮುಖ್ಯ ಕಾರಣ ಈ ಅವಸರವೇ: ತೆಳುವಾದ ಹಿಡಿ ಬೇಗ ನೆನೆಯುತ್ತದೆ, ಬೇಗ ಒಣಗುತ್ತದೆ, ಗೋಡೆ ಇನ್ನೂ ಹಸಿಯಾಗಿರುತ್ತದೆ. ಹಿಡಿಗೆ ಪ್ಲಾಸ್ಟಿಕ್ ಸುತ್ತಿಟ್ಟರೆ ಎರಡೂ ಜತೆಯಲ್ಲಿ ಒಣಗುತ್ತವೆ.

ಸ್ಲಿಪ್ ಕೆರೆದು ಅಡಿಯ ಕೆಂಪು ಮಣ್ಣು ತೋರಿಸುವ ಸ್ಗ್ರಾಫಿಟೊದಲ್ಲಿ ಸಮಯ ಹೇಳುವುದು ತುರಿ. ಅದು ಸುರುಳಿಯಾಗಿ ಎದ್ದು ತಾನಾಗಿ ಉದುರಿದರೆ ಹದ ಸರಿ. ಉಪಕರಣಕ್ಕೆ ಮೆತ್ತಿದರೆ ಇನ್ನೂ ಹಸಿ, ಗೆರೆಯಂಚು ಚೂರು ಚೂರಾಗಿ ಮುರಿದರೆ ಹೊತ್ತು ಮೀರಿದೆ. ಅಂಚಿನಲ್ಲಿ ಎದ್ದ ಮುಳ್ಳುಗಳನ್ನು ಆಗಲೇ ಮುಟ್ಟಬೇಡಿ, ಸ್ಲಿಪ್ ಗೆರೆಯೊಳಗೆ ಸವರಿಹೋಗುತ್ತದೆ. ಪೂರ್ತಿ ಒಣಗಿದ ಮೇಲೆ ಹಿಂಡಿದ ಸ್ಪಂಜಿನಿಂದ ಹಗುರವಾಗಿ ತೆಗೆಯಿರಿ. ಒಣಗಿದ್ದನ್ನು ಸ್ಯಾಂಡ್ ಪೇಪರಿನಿಂದ ಉಜ್ಜಿದರೆ ಏಳುವ ಸಿಲಿಕಾ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಪುಡಿ ತೂಗುವಾಗಲೂ ಒಳ್ಳೆಯ ಮಾಸ್ಕ್ ಬೇಕೇಬೇಕು.

ಇದರ ತದ್ವಿರುದ್ಧ ಕೆಲಸ ಕೊರಿಯಾದ ಸಾಂಗಾಮ್. 12ನೇ ಶತಮಾನದ ಗೊರಿಯೊ ರಾಜವಂಶದ ಕಾಲದ ಸೆಲಡಾನ್ (ಹಸಿರು ಛಾಯೆಯ ಗ್ಲೇಜ್‌ನ) ಪಾತ್ರೆಗಳ ಕೊಕ್ಕರೆ, ಮೋಡಗಳೆಲ್ಲ ಈ ಬಗೆಯವು. ಲೆದರ್ ಹಾರ್ಡ್ ಪಾತ್ರೆಯಲ್ಲಿ ಒಂದೂವರೆ ಮಿಲಿಮೀಟರ್ ಆಳದ ಗೆರೆ ಕೊರೆದು, ಸ್ಲಿಪ್ಪನ್ನು ಎರಡು ಮೂರು ಸಲ ತುಂಬಬೇಕು. ಪ್ರತಿ ಸಲವೂ ಒಣಗುತ್ತಾ ಗೆರೆಯೊಳಗೆ ತಗ್ಗುವುದರಿಂದ ಮಟ್ಟಕ್ಕಿಂತ ಸ್ವಲ್ಪ ಎತ್ತರಕ್ಕೆ ತುಂಬಿ, ಬಿಗಿಯಾದ ಮೇಲೆ ಲೋಹದ ಪಟ್ಟಿಯಿಂದ ಹೆರೆಯುತ್ತೇನೆ. ಗೆರೆಯ ಉದ್ದಕ್ಕೆ ಹೆರೆದರೆ ಸ್ಲಿಪ್ ಕಿತ್ತುಬರಬಹುದು, ಅಡ್ಡಡ್ಡ ಹೆರೆಯುವುದು ಕ್ಷೇಮ. ನನಗೆ ಎಲ್ಲಕ್ಕಿಂತ ಇಷ್ಟವಾದ ವಿಧಾನ ಇದು. ಸುಟ್ಟ ಮೇಲೂ ಗೆರೆ ಅಷ್ಟು ಚೊಕ್ಕವಾಗಿ ಉಳಿಯುತ್ತದೆ.

ಪೂರ್ತಿ ಒಣಗಿದ ಪಾತ್ರೆ, ಅಂದರೆ ಕೆನ್ನೆಗೆ ಒತ್ತಿದರೂ ತಣ್ಣಗೆನಿಸದ್ದು, ಅಪಾಯದ ಹಂತ. ಒದ್ದೆಯಾದ ಕಡೆ ಮಣ್ಣು ಹಿಗ್ಗುತ್ತದೆ, ಒಣಗಿದ ಕಡೆ ಹಿಗ್ಗುವುದಿಲ್ಲ, ಗೋಡೆ ಸೀಳುತ್ತದೆ. ಅದ್ದುವ ಮಾತೇ ಇಲ್ಲ, ಕುಂಚದಿಂದ ತೆಳ್ಳಗೆ, ಒಂದು ಪದರ ಒಣಗಿದ ಮೇಲೆ ಇನ್ನೊಂದು. ಪಾತ್ರೆ ಒಣಗಿ ಕುಗ್ಗುವುದು ಮುಗಿದಿರುವುದರಿಂದ ಸ್ಲಿಪ್ಪಿನ ಚೈನಾ ಕ್ಲೇಯಲ್ಲಿ ಅರ್ಧವನ್ನು ಸುಟ್ಟ ಚೈನಾ ಕ್ಲೇಗೆ ಬದಲಿಸುತ್ತೇನೆ: ಸುಟ್ಟದ್ದು 20, ಹಸಿಯದು 20, ಬಾಲ್ ಕ್ಲೇ 30, ಕ್ವಾರ್ಟ್ಜ್ 15, ಫ್ರಿಟ್ 15. ಸುಡಲು ಬೇರೆ ಏರ್ಪಾಡು ಬೇಡ, ಒಂದು ಬಿಸ್ಕ್ (ಗ್ಲೇಜ್ ಹಾಕುವ ಮುಂಚೆ ಒಮ್ಮೆ ಸುಟ್ಟ) ಬಟ್ಟಲಿನಲ್ಲಿ ಪುಡಿ ತುಂಬಿ ಬಿಸ್ಕ್ ಜತೆಗೇ ಇಡಬಹುದು. ಚೈನಾ ಕ್ಲೇ ಸುಟ್ಟಾಗ ತೂಕದಲ್ಲಿ ಸುಮಾರು ಶೇ. 14 ಕಳೆದುಕೊಳ್ಳುತ್ತದೆ, ಹಾಗಾಗಿ ಸುಟ್ಟ ಮೇಲೆಯೇ ತೂಗಬೇಕು.

ಬಿಸ್ಕ್ ಪಾತ್ರೆಗೆ ಈ ದಾರಿಯಲ್ಲಿ ಇನ್ನೂ ಮುಂದೆ ಹೋಗಬೇಕು: ಸುಟ್ಟ ಚೈನಾ ಕ್ಲೇ 35, ಬಾಲ್ ಕ್ಲೇ 25, ಕ್ವಾರ್ಟ್ಜ್ 20, ಫ್ರಿಟ್ 20. ಪಾತ್ರೆಯ ಧೂಳನ್ನು ಒದ್ದೆ ಸ್ಪಂಜಿನಿಂದ ಒರೆಸಿ, ಹಾಲಿನಷ್ಟು ತೆಳುವಾಗಿ ಹಚ್ಚುತ್ತೇನೆ. ಈ ಪದರ ಪುಡಿಪುಡಿಯಾಗಿ ಉಳಿದರೆ ಅದರ ಮೇಲಿನ ಗ್ಲೇಜ್ ಸುಡುವಾಗ ಮುದುಡಿ, ಅಲ್ಲಲ್ಲಿ ಮಣ್ಣು ಬೋಳಾಗಿ ಕಾಣುತ್ತದೆ. ಬೆರಳಾಡಿಸಿದಾಗ ಬಿಳಿ ಪುಡಿ ಅಂಟಿದರೆ ಇನ್ನೊಮ್ಮೆ 900 ಡಿಗ್ರಿಗೆ ಸುಟ್ಟು ಆಮೇಲೆ ಗ್ಲೇಜ್ ಹಾಕುವುದೇ ವಾಸಿ.

ಯಾವ ಹಂತದಲ್ಲೇ ಹಚ್ಚಿದರೂ ಹೊಳೆಯುವ ಪಾರದರ್ಶಕ ಗ್ಲೇಜ್ ತೆಳು ಸ್ಲಿಪ್ಪನ್ನು ಕರಗಿಸಿಕೊಂಡುಬಿಡಬಹುದು, ಆಗ ಬಿಳಿಯ ಅಡಿಯಿಂದ ಕೆಂಪು ಇಣುಕುತ್ತದೆ. ಇದನ್ನು ತಿಳಿಯಲು ಒಂದೇ ಬಿಲ್ಲೆಗೆ ಒಂದು, ಎರಡು, ಮೂರು ಪದರ ಪಕ್ಕಪಕ್ಕ ಹಚ್ಚಿ, ಅದೇ ಗ್ಲೇಜ್ ಹಾಕಿ, ಬಿಲ್ಲೆಯನ್ನು ನಿಲ್ಲಿಸಿಯೇ ಸುಡುತ್ತೇನೆ. ಮಲಗಿಸಿ ಸುಟ್ಟ ಬಿಲ್ಲೆ ಗ್ಲೇಜ್ ಹರಿಯುವುದನ್ನು ತೋರಿಸುವುದಿಲ್ಲ. ತಾಮ್ರದ ಆಕ್ಸೈಡ್ ಹಾಕಿದ ಹಸಿರು ಸ್ಲಿಪ್ಪನ್ನು ಊಟದ ಪಾತ್ರೆಯ ಒಳಗೆ ನಾನು ಬಳಸುವುದೇ ಇಲ್ಲ. ಅದು ಗ್ಲೇಜ್‌ನೊಳಗೆ ಸೇರಿದರೆ ಹುಳಿ ಪದಾರ್ಥಕ್ಕೆ ತಾಮ್ರ ಬಿಡುವ ಸಾಧ್ಯತೆ ಇದೆ.